ಹನಿ ಮೇಸ್ತ್ರಿಯ ಅರವತ್ತೆರಡು ಡಬ್ಬಿ

ರಿಪೇರಿಗೆಂದು ಬರುವ ಯಾವ ಮಷೀನೂ ಹೊಟ್ಟೆ ಖಾಲಿ ಮಾಡಿಕೊಂಡು ಬರುವುದಿಲ್ಲ. ಹುಲ್ಲು ಕತ್ತರಿಸುವ ಮಷೀನಿನ ಟ್ಯಾಂಕಿನಲ್ಲಿ ಹೋದ ವರ್ಷದ ಪೆಟ್ರೋಲು ಒಂದು ಲೋಟ, ಜನರೇಟರಿನ ತಳದಲ್ಲಿ ಡೀಸೆಲ್ಲು ಒಂದು ಚೊಂಬು, ನೀರೆತ್ತುವ ಪಂಪಿನೊಳಗೆ ಸೀಮೆಎಣ್ಣೆ, ಕಪ್ಪಗಾದ ಎಂಜಿನ್ ಆಯಿಲ್ಲು ಒಂದಿಷ್ಟು. ಬೇರೆ ಮೆಕ್ಯಾನಿಕ್ಕುಗಳು ಅದನ್ನೆಲ್ಲ ಮೋರಿಗೆ ಸುರಿದು ಕೈ ಒರೆಸಿಕೊಳ್ಳುತ್ತಿದ್ದರು. ಮೇಸ್ತ್ರಿಗೆ ಮಾತ್ರ ಅದು ಆಗದ ಮಾತು. ಲಾಳಿಕೆ ಇಟ್ಟು, ಹಳೇ ಪಂಚೆಯ ತುಂಡಿನಲ್ಲಿ ಸೋಸಿ, ಡಬ್ಬಿಗೆ ತುಂಬಿ, ಮೇಲೊಂದು ಚೀಟಿ ಅಂಟಿಸಿ ಇಡುತ್ತಿದ್ದ. ಕೊನೆಯ ಹನಿ ಬೀಳುವ ತನಕ ಡಬ್ಬಿ ಬಗ್ಗಿಸಿ ಹಿಡಿದು, ಉಸಿರು ಬಿಗಿಹಿಡಿದು ನಿಲ್ಲುವುದನ್ನು ನೋಡಿ ಗಿರಾಕಿಗಳು ‘ಹನಿ ಮೇಸ್ತ್ರಿ’ ಅಂತ ಹೆಸರಿಟ್ಟರು.

ಒಬ್ಬ ಗಿರಾಕಿ ತಮಾಷೆಗೆ, “ಏನ್ ಮೇಸ್ತ್ರಿ, ಆ ಹನಿ ಬಿದ್ದ ಮೇಲೇನಾ ಊಟ?” ಅಂತ ಕೇಳಿದ್ದ.

“ಬೀಳೋ ಹಾಗೆ ಕಾಣ್ತಿಲ್ಲ. ಊಟ ಮುಗಿಸ್ಕೊಂಡೇ ಬರ್ತೀನಿ, ನೀವು ಸ್ವಲ್ಪ ಹಿಡ್ಕೊಂಡಿರಿ” ಅಂತ ಡಬ್ಬಿಯನ್ನು ಅವನ ಕೈಗೆ ಕೊಟ್ಟು ಮೇಸ್ತ್ರಿ ಹೊರಟೇಬಿಟ್ಟ. ವಾಪಸು ಬಂದಾಗ ಆ ಮನುಷ್ಯ ಇನ್ನೂ ಹಿಡಿದುಕೊಂಡೇ ನಿಂತಿದ್ದ.

ಮೂವತ್ತು ವರ್ಷ ಹೀಗೆ ನಡೆಯಿತು. ಆಮೇಲೆ ಮಂಡಿ ಮುಷ್ಕರ ಹೂಡಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಅಂಗಡಿ ಮುಚ್ಚಿದ. ಸ್ಪ್ಯಾನರುಗಳು ಒಂದು ಪೆಟ್ಟಿಗೆಯಲ್ಲಿ ಮನೆಗೆ ಬಂದವು. ಡಬ್ಬಿಗಳು ಬಂದದ್ದು ಕೈಗಾಡಿಯಲ್ಲಿ, ಮೂರು ಸಲ. ಒಟ್ಟು ಅರವತ್ತೆರಡು. ಮೆಟ್ಟಿಲ ಕೆಳಗೆ ತುಂಬಿ, ಬಚ್ಚಲಿನ ಅಟ್ಟ ತುಂಬಿ, ಹಿಂದಿನ ವರಾಂಡ ತುಂಬಿ, ಮಿಕ್ಕವು ಮಂಚದ ಕೆಳಗೆ ನುಸುಳಿದವು. ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಮೂಗು ಮೇಲೆತ್ತಿ ಮೂಸುತ್ತಿದ್ದರು.

“ಇದೇನು ಮನೇನೋ ಪೆಟ್ರೋಲ್ ಬಂಕೋ? ಹಾಲಿನವ್ನು ಇವತ್ತು ಲೀಟರ್‌ಗೆ ಎಷ್ಟು ಅಂತ ನನ್ನನ್ನೇ ಕೇಳ್ದ” ಅಂತ ಹೆಂಡತಿ ರೇಗಿದಳು.

“ಹನಿ ಹನಿ ಕೂಡಿದ್ರೆ ಹಳ್ಳ” ಅಂದ ಮೇಸ್ತ್ರಿ.

“ಆ ಹಳ್ಳದಲ್ಲೇ ನಾನು ಹತ್ತು ದಿನದಿಂದ ಮಲಗ್ತಿದ್ದೀನಿ.”

ಮನೆಯಲ್ಲಿ ಇದ್ದ ಇನ್ನೊಬ್ಬರು ಅತ್ತೆ, ಅಂದರೆ ಹೆಂಡತಿಯ ತಾಯಿ. ಕಣ್ಣು ಮಂಜಾದ ಮೇಲೆ ಮಗಳ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ನಡುಮನೆಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತರೆ ಇದ್ದಾರೋ ಇಲ್ಲವೋ ಅನ್ನುವಷ್ಟು ಮೌನ. ಅಳಿಯನ ಜೊತೆ ಜಗಳವಿಲ್ಲ, ಮಾತೂ ಇಲ್ಲ. ಅವನು ಪಕ್ಕದಲ್ಲೇ ಕೂತಿದ್ದರೂ ಅವರು ಮಗಳನ್ನು ಕರೆದು, “ಅಳಿಯಂದ್ರದ್ದು ಊಟ ಆಯ್ತಂತಾ?” ಅಂತ ಕೇಳುತ್ತಿದ್ದರು. ಅವನೂ ಹೆಂಡತಿಯ ಮುಖ ನೋಡಿ, “ಆಯ್ತು ಅಂತ ಹೇಳು” ಅನ್ನುತ್ತಿದ್ದ. ಮಧ್ಯದಲ್ಲಿ ನಿಂತ ಹೆಂಡತಿ ಟೆಲಿಫೋನ್ ತಂತಿಯಾಗಿದ್ದಳು.

ಇದ್ದೊಬ್ಬ ಮಗಳಿಗೆ ಅಗ್ನಿಶಾಮಕ ಠಾಣೆಯಲ್ಲಿ ಕೆಲಸ. ಅಂಗಡಿ, ಗೋದಾಮುಗಳನ್ನು ಹೊಕ್ಕು ನೋಡಿ ನೋಟಿಸು ಕೊಡುವ ಹುದ್ದೆ. ದೂರದ ಊರಿನ ಠಾಣೆಯಿಂದ ಆರು ತಿಂಗಳ ಮೇಲೆ ಒಂದು ಭಾನುವಾರ ಮನೆಗೆ ಬಂದವಳು ಹೊಸಿಲಲ್ಲೇ ನಿಂತಳು. ಮೂಸಿದಳು. ಮಂಚದ ಕೆಳಗೆ ಬಗ್ಗಿದಳು. ಅಟ್ಟಕ್ಕೆ ಟಾರ್ಚು ಬಿಟ್ಟಳು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

“ಅಪ್ಪಾ, ಊರಿಗೆಲ್ಲ ಬುದ್ಧಿ ಹೇಳೋಳು ನಾನು. ನಮ್ಮನೇಗೇ ಬೆಂಕಿ ಬಿದ್ರೆ ಪೇಪರಿನೋರು ಏನು ಬರೀತಾರೆ ಗೊತ್ತಾ?”

“ಫೋಟೋನೂ ಹಾಕ್ತಾರೆ, ಒಳ್ಳೇದೊಂದು ತೆಗೆಸಿಟ್ಕೋ” ಅಂದಳು ತಾಯಿ.

ಮಗಳು ನಗಲಿಲ್ಲ. ಚೀಲದಿಂದ ನೋಟಿಸಿನ ಪುಸ್ತಕ ತೆಗೆದು, ಅಪ್ಪನ ಪೂರ್ತಿ ಹೆಸರು ಬರೆದು, ಹರಿದು ಕೊಟ್ಟಳು. ಪೆಟ್ರೋಲು ಈ ಗಳಿಗೆಯೇ ಮನೆಯಿಂದಾಚೆ ಹಿತ್ತಲ ಶೆಡ್ಡಿಗೆ. ಉಳಿದದ್ದಕ್ಕೆ ಹದಿನೈದು ದಿನದ ಗಡುವು.

“ಎಲ್ಲಾನೂ ಹಳೇ ಎಣ್ಣೆ ತಗೊಳ್ಳೋ ಕೇಂದ್ರಕ್ಕೆ ಕೊಟ್ಬಿಡ್ಲಾ?” ಅಂತ ಕೇಳಿದಳು.

ಮೇಸ್ತ್ರಿಯ ಮುಖ ಹರಳೆಣ್ಣೆ ಕುಡಿದ ಹಾಗಾಯಿತು. “ಬೇಡ. ಹದಿನೈದು ದಿನದಲ್ಲಿ ಎಲ್ಲಾ ಉಪಯೋಗಿಸಿ ಮುಗಿಸ್ತೀನಿ. ಒಂದು ತೊಟ್ಟೂ ವೇಸ್ಟ್ ಮಾಡಲ್ಲ.”

ಇಬ್ಬರೂ ಕೂತು ಒಂದೊಂದೇ ಡಬ್ಬಿ ಬಿಚ್ಚಿ ನೋಡಿದರು. ಒಂದಕ್ಕೊಂದು ಬೆರೆತು ಹೋದವನ್ನು ಮಗಳು ಮುಲಾಜಿಲ್ಲದೆ ಬದಿಗಿಟ್ಟಳು. “ಪೆಟ್ರೋಲ್ ಸೇರಿದ ಸೀಮೆಎಣ್ಣೆ ಸ್ಟೌಗೆ ಹಾಕಿದ್ರೆ ಅದು ಸ್ಟೌ ಅಲ್ಲ, ಬಾಂಬು. ಇವು ನನ್ನ ಜೊತೆ ಬರುತ್ವೆ.” ಹನ್ನೊಂದು ಡಬ್ಬಿ ಅವಳ ಜೀಪು ಹತ್ತಿದವು. ಮಣ್ಣಿಗಾಗಲಿ ಮೋರಿಗಾಗಲಿ ಒಂದು ಹನಿಯೂ ಬೀಳಬಾರದು ಅಂತ ಅಪ್ಪನ ಬಾಯಲ್ಲೇ ಎರಡು ಸಲ ಹೇಳಿಸಿ ಹೊರಟಳು.

ಮಾರನೇ ಬೆಳಿಗ್ಗೆಯೇ ಮೇಸ್ತ್ರಿ ಯುದ್ಧ ಸಾರಿದ. ಡೀಸೆಲ್ಲು ಶಾಲೆಯ ಜನರೇಟರಿಗೆ ಹೋಯಿತು. ಹೆಡ್‌ಮೇಷ್ಟ್ರು ಎರಡೂ ಕೈ ಚಾಚಿ ತೆಗೆದುಕೊಂಡರು. ಹಳೇ ಪೆಟ್ರೋಲನ್ನು ಹೊಸದಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸಿ ಹುಲ್ಲು ಕತ್ತರಿಸುವ ಮಷೀನಿಗೆ ಹಾಕಿದ. ನಿಂತು ಮಾಡುವ ಕೆಲಸವಾದ್ದರಿಂದ ಮಂಡಿಯೂ ತಕರಾರು ತೆಗೆಯಲಿಲ್ಲ. ಮೊದಲ ದಿನ ತನ್ನ ಹಿತ್ತಲು, ಎರಡನೇ ದಿನ ಪಕ್ಕದ ಮನೆಯ ಟೈಲರನ ಅಂಗಳ, ಮೂರನೇ ದಿನ ಶಾಲೆಯ ಮೈದಾನ. ಐದನೇ ದಿನಕ್ಕೆ ಬೀದಿಯಲ್ಲಿ ಹುಲ್ಲೇ ಉಳಿಯಲಿಲ್ಲ, ಪೆಟ್ರೋಲು ಮಾತ್ರ ಉಳಿದಿತ್ತು. ಮಷೀನು ತಳ್ಳಿಕೊಂಡು ಅವನು ಬರುವುದು ಕಂಡರೆ ಹೆಂಗಸರು ಓಡಿ ಬಂದು ಪುದೀನ ಪಾತಿಗೆ ಅಡ್ಡ ನಿಲ್ಲುತ್ತಿದ್ದರು. ಟೈಲರಂತೂ, “ಮೇಸ್ತ್ರಿ, ನಮ್ಮ ಅಂಗಳಾನ ನೀವು ಬೋಳಿಸಿದ್ದೂ ಆಯ್ತು, ಇನ್ನು ಪೌಡರ್ ಹಚ್ಚೋದೊಂದು ಬಾಕಿ. ದಯವಿಟ್ಟು ಬಿಡಿ” ಅಂತ ಕೈ ಮುಗಿದ. ಕೊನೆಗೆ ಊರಾಚೆಯ ನರ್ಸರಿಯವನು ಕರೆದು ಮಿಕ್ಕಷ್ಟೂ ಪೆಟ್ರೋಲಿಗೆ ಗತಿ ಕಾಣಿಸಿದ.

ಸೀಮೆಎಣ್ಣೆಗೆ ಬತ್ತಿ ಸ್ಟೌ ಅಟ್ಟದಿಂದಿಳಿಯಿತು. ಅದರ ಮೇಲೆ ಹಗಲಿಡೀ ಸ್ನಾನದ ನೀರು. ಮೇಸ್ತ್ರಿಯ ಲೆಕ್ಕದಲ್ಲಿ ಒಬ್ಬೊಬ್ಬರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು.

ನಾಲ್ಕನೇ ಸಂಜೆ ಹೆಂಡತಿ ಬಚ್ಚಲ ಬಾಗಿಲಲ್ಲಿ ನಿಂತು, “ರೀ, ನನ್ನ ಚರ್ಮ ಕಿತ್ತು ಬರೋದೊಂದು ಬಾಕಿ. ಬೇಕಾದ್ರೆ ಆ ಬಿಸಿನೀರು ನೀವೇ ಕುಡೀರಿ” ಅಂದಳು.

ಉಳಿದದ್ದು ಎಣ್ಣೆ. ಕಪ್ಪು ಎಣ್ಣೆಯನ್ನು ಚಿಂದಿಗೆ ಹಚ್ಚಿ ಬೇಲಿಯ ಮರದ ಗೂಟಗಳಿಗೆ, ಗುದ್ದಲಿ ಕಾವಿಗೆ, ಏಣಿಗೆ ತಿಕ್ಕಿದ. ತಿಳಿಯಾದ ಎಣ್ಣೆಯನ್ನು ಉದ್ದ ಮೂತಿಯ ಕ್ಯಾನಿಗೆ ತುಂಬಿ ಮನೆಯ ಕೀಲುಗಳ ಮೇಲೆ ಬಿದ್ದ. ಗೇಟು, ಮುಂಬಾಗಿಲು, ಅಡಿಗೆಮನೆ ಬಾಗಿಲು, ಬೀರು, ಕಿಟಕಿ, ಬಾವಿಯ ರಾಟೆ. ಅತ್ತೆಗೆ ನಿದ್ದೆ ಕೆಡಬಾರದೆಂದು ಅವರ ಕೋಣೆಯ ಬಾಗಿಲಿಗೆ ಮೂರು ಸುತ್ತು ಬಿಟ್ಟ. ಟೈಲರನ ಗೇಟಿಗೂ ಒಂದು ಸೇವೆಯಾಯಿತು. ಹತ್ತನೇ ದಿನದ ಹೊತ್ತಿಗೆ ಮನೆಯಲ್ಲಿ ಯಾವುದೂ ಕಿರ್ ಅನ್ನುತ್ತಿರಲಿಲ್ಲ. ಗೇಟನ್ನು ಒಂದೇ ಬೆರಳಲ್ಲಿ ತಳ್ಳಿ, ಅದು ತಾನಾಗಿ ತೆರೆದುಕೊಳ್ಳುವುದನ್ನು ನೋಡುತ್ತ ಮೇಸ್ತ್ರಿ ಮೀಸೆಯಡಿ ನಕ್ಕ.

ಆವತ್ತು ಮಧ್ಯಾಹ್ನ ಹೆಂಡತಿ ಅತ್ತೆಗೆ ಕಾಫಿ ತಂದು ಲೋಟವನ್ನು ಕೈಗೆ ತಾಕಿಸಿದಳಷ್ಟೆ. ಅತ್ತೆ ಕಿಟಾರನೆ ಕಿರುಚಿಕೊಂಡರು. ಕಾಫಿ ನೆಲದ ಪಾಲು. ಸಂಜೆ ಮೇಸ್ತ್ರಿ ಪಕ್ಕದಲ್ಲಿ ಕೆಮ್ಮಿದ್ದಕ್ಕೆ ಮತ್ತೊಮ್ಮೆ ಬೆಚ್ಚಿದರು. ಮಾರನೇ ದಿನ ಊಟಕ್ಕೂ ಏಳಲಿಲ್ಲ. ಹೆಂಡತಿ ಹಣೆ ಮುಟ್ಟಿ ನೋಡಿದಳು, ಜ್ವರವಿಲ್ಲ.

“ಡಾಕ್ಟರ್ ಹತ್ರ ಹೋಗೋಣ ಅಂತ ಕೇಳು” ಅಂದ ಮೇಸ್ತ್ರಿ, ಎಂದಿನಂತೆ ಹೆಂಡತಿಗೆ.

ಹೆಂಡತಿ ಬಾಯಿ ತೆರೆಯುವ ಮೊದಲೇ ಅತ್ತೆ ನೇರ ಅವನ ಕಡೆ ಮುಖ ತಿರುಗಿಸಿದರು. ಒಂಬತ್ತು ವರ್ಷದಲ್ಲಿ ಅದು ಮೊದಲ ಸಲ.

“ಅಳಿಯಂದ್ರೇ, ನನಗೆ ಉಳಿದಿದ್ದ ಕಣ್ಣನ್ನೂ ನೀವು ಕಿತ್ಕೊಂಡ್ರಿ.”

ಮೇಸ್ತ್ರಿ ಬೆಪ್ಪಾಗಿ ನಿಂತ. “ನಾನೇನು ಮಾಡ್ದೆ ಅತ್ತೇ?”

“ಗೇಟು ಉದ್ದಕ್ಕೆ ರಾಗ ಎಳೆದ್ರೆ ಅದು ನೀವು. ಎರಡು ತುಂಡಾಗಿ ಕೂಗಿದ್ರೆ ಹಾಲಿನವ್ನು. ಅಡಿಗೆಮನೆ ಬಾಗಿಲು ಕುಂಯ್ ಅಂದ್ರೆ ಇವಳು ಕಾಫಿ ತರ್ತಿದ್ದಾಳೆ ಅಂತ. ಬೀರು ಕೂಗಿದ್ರೆ ನೀವು ಆಚೆ ಹೊರಟ್ರಿ ಅಂತ. ಹೀಗೆ ಎಲ್ಲಾರನ್ನೂ ನೋಡ್ಕೊಂಡಿದ್ದೆ. ಎರಡು ದಿನದಿಂದ ಈ ಮನೇಲಿ ಯಾರೂ ಬರಲ್ಲ, ಯಾರೂ ಹೋಗಲ್ಲ. ಭೂತಗಳ ಹಾಗೆ ಪಕ್ಕದಲ್ಲಿ ಬಂದು ನಿಲ್ತೀರಿ.”

ಮಾತಿಲ್ಲದೆ ಮೂಲೆಯಲ್ಲಿ ಕೂತಿದ್ದ ಈ ಹೆಂಗಸು ಇಷ್ಟು ವರ್ಷ ತನ್ನ ಹೋಗಿಬರುವುದನ್ನೆಲ್ಲ ಕಾಯ್ದುಕೊಂಡಿದ್ದರು ಅನ್ನುವುದೇ ಮೇಸ್ತ್ರಿಗೆ ಹೊಸ ಸುದ್ದಿ. ಬೀರಿನ ಸದ್ದು ಅವನಿಗೇ ಗೊತ್ತಿರಲಿಲ್ಲ.

“ನಾಳೆ ಸರಿ ಮಾಡ್ತೀನಿ” ಅಂದ. ಅಂದದ್ದು ಸುಲಭ. ಜೀವಮಾನವಿಡೀ ಸದ್ದು ಅಡಗಿಸಿ ಅನ್ನ ತಿಂದವನಿಗೆ ಸದ್ದು ಹುಟ್ಟಿಸುವ ವಿದ್ಯೆ ಯಾರು ಕಲಿಸಿದ್ದರು?

ಸ್ನಾನದಿಂದ ಬಚಾವಾಗಿದ್ದ ಎರಡು ಡಬ್ಬಿ ಸೀಮೆಎಣ್ಣೆ ಆಗ ಕೆಲಸಕ್ಕೆ ಬಂತು. ಟೈಲರನ ಸಹಾಯದಿಂದ ಬಾಗಿಲುಗಳನ್ನು ಕೀಲಿನಿಂದ ಬಿಚ್ಚಿ, ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ ಮತ್ತೆ ಕೂರಿಸಿದ. ತಳ್ಳಿದ. ಸದ್ದಿಲ್ಲ. ಅಷ್ಟು ಮನಸ್ಸಿಟ್ಟು ಎಣ್ಣೆ ಬಿಟ್ಟಿದ್ದ. ಮತ್ತೆ ಬಿಚ್ಚಿ ತೊಳೆದು, ಉಪ್ಪು ನೀರು ಸವರಿ, ತುಕ್ಕು ಹಿಡಿಯಲೆಂದು ಎರಡು ದಿನ ಬಿಟ್ಟ. ತುಕ್ಕು ಯಾವಾಗ ಬರುತ್ತದೋ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಮೆಕ್ಯಾನಿಕ್ಕು ಲೋಕದಲ್ಲಿ ಅವನೊಬ್ಬನೇ ಇರಬೇಕು.

ಹದಿನಾಲ್ಕನೇ ದಿನ ಅತ್ತೆಯ ಕುರ್ಚಿ ಅಂಗಳಕ್ಕೆ ಬಂತು. ಮೇಸ್ತ್ರಿ ಗೇಟು ತಳ್ಳಿದ. ಕರ್ ಅಂತು.

“ಇದು ನಮ್ಮ ಗೇಟಲ್ಲ” ಅಂದರು ಅತ್ತೆ. “ನಮ್ಮದು ಕೊನೇಲಿ ಸ್ವಲ್ಪ ಅಳ್ತಿತ್ತು.”

ಮೇಲಿನ ಕೀಲನ್ನು ಅರ್ಧ ಸುತ್ತು ಬಿಗಿ ಮಾಡಿದ.

“ಈಗ ಜಾಸ್ತಿ ಅಳ್ತಿದೆ. ಯಾರೋ ಹೊಡೆದ ಹಾಗೆ.”

ಕಾಲು ಸುತ್ತು ಸಡಿಲಿಸಿದ. ಅತ್ತೆ ತಲೆ ಓರೆ ಮಾಡಿ ಕೇಳಿದರು. ಮುಖ ಅರಳಿತು. “ಹಾಂ. ಬಂದ್ರಿ ನೋಡಿ ಮನೆಗೆ.”

ಹೀಗೆ ಇಡೀ ಮನೆ ಶ್ರುತಿ ಹಿಡಿಯಿತು. ಬೀರಿಗೆ ಮೂರು ಸಲ, ಅಡಿಗೆಮನೆ ಬಾಗಿಲಿಗೆ ಐದು ಸಲ. ಬೇಲಿಯಾಚೆಯಿಂದ ನೋಡುತ್ತಿದ್ದ ಟೈಲರನನ್ನು ಮೇಸ್ತ್ರಿ, “ನಿಮ್ಮ ಗೇಟಿಗೂ ಸದ್ದು ವಾಪಸ್ ಹಾಕ್ಲಾ?” ಅಂತ ಕೇಳಿದ.

ಟೈಲರ್ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ. “ಬೇಡ ಮೇಸ್ತ್ರಿ. ಇಪ್ಪತ್ತು ವರ್ಷ ಆದ್ಮೇಲೆ ಈಗ ನಾಲ್ಕೈದು ದಿನದಿಂದ ‘ಯಾಕೆ ಲೇಟು’ ಅಂತ ಕೇಳಿಸ್ಕೊಳ್ದೆ ಒಳಗೆ ಹೋಗ್ತಿದ್ದೀನಿ.”

ಗಡುವಿನ ದಿನ ಗೇಟು ಕೂಗಿತು. “ಮಗು ಬಂತು, ಬೂಟು ಹಾಕ್ಕೊಂಡು ಕಾಲಲ್ಲೇ ತಳ್ಳಿದ್ದಾಳೆ” ಅಂದರು ಅತ್ತೆ. ಮಗಳು ಮಂಚದ ಕೆಳಗೆ, ಅಟ್ಟದ ಮೇಲೆ, ಶೆಡ್ಡಿನೊಳಗೆ ಟಾರ್ಚು ಬಿಟ್ಟು ನೋಡಿದಳು. ಖಾಲಿ. ಕೀಲು ತೊಳೆದು ಕೊಳೆಯಾದ ಸೀಮೆಎಣ್ಣೆಯ ಡಬ್ಬಿಯೊಂದನ್ನು ಮಾತ್ರ ಕೇಂದ್ರಕ್ಕೆ ಕೊಡಲು ಎತ್ತಿಕೊಂಡಳು. ನೋಟಿಸಿನ ಮೇಲೆ ‘ಸರಿಪಡಿಸಲಾಗಿದೆ’ ಅಂತ ಬರೆದು ಸಹಿ ಹಾಕಿದಳು. ಹೊರಡುವಾಗ ಗೇಟನ್ನು ಹಿಂದೆ ಮುಂದೆ ಆಡಿಸಿ ಹುಬ್ಬು ಗಂಟಿಕ್ಕಿದಳು.

“ಅಪ್ಪಾ, ಅಷ್ಟೊಂದು ಎಣ್ಣೆ ಖಾಲಿ ಮಾಡಿದ್ರಿ. ಈ ಗೇಟಿಗೆ ಸ್ವಲ್ಪ ಬಿಡಬಾರದಿತ್ತಾ?”

ಒಳಗೆ ಹೆಂಡತಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಅತ್ತೆ ಶಾಲು ಬಾಯಿಗೆ ಒತ್ತಿಕೊಂಡರು. ಮಗಳಿಗೆ ವಿಷಯ ತಿಳಿಸುವುದರೊಳಗೆ ಒಂದು ಕಾಫಿ ಆರಿಹೋಯಿತು.

ಖಾಲಿಯಾದ ಹಿಂದಿನ ವರಾಂಡದಲ್ಲಿ ಮೇಸ್ತ್ರಿ ಈಗ ಒಂದು ಎತ್ತರದ ಮೇಜು ಹಾಕಿಕೊಂಡಿದ್ದಾನೆ. ಪೆಟ್ರೋಲು, ಡೀಸೆಲ್ಲಿನ ಗೊಡವೆಯಿಲ್ಲ. ಹೊಲಿಗೆ ಮಷೀನು, ಫ್ಯಾನು, ಮಿಕ್ಸಿ ಅಷ್ಟೆ. ಅತ್ತೆಯ ಕುರ್ಚಿಯೂ ಅಲ್ಲಿಗೇ ಬಂದಿದೆ. ಮೊನ್ನೆ ಟೈಲರ್ ತನ್ನ ಮಷೀನು ಹೊತ್ತು ತಂದ. ಏನೋ ತೊಂದರೆ, ಏನಂತ ಗೊತ್ತಿಲ್ಲ. ಮೇಸ್ತ್ರಿ ಚಕ್ರ ತಿರುಗಿಸಿ, ಬಗ್ಗಿ, ಕನ್ನಡಕ ಹಾಕಿ, ತೆಗೆದು ನೋಡಿದ. ಏನೂ ಕಾಣಲಿಲ್ಲ.

“ಆಗಾಗ ಒಂದು ಸಲ ಉಗುಳು ನುಂಗ್ತಿದೆ” ಅಂದರು ಅತ್ತೆ. “ಕೆಳಗಡೆ. ಎಡಕ್ಕೆ.”

ಕೆಳಗಡೆ ಎಡಕ್ಕೆ ಬಿಚ್ಚಿ ನೋಡಿದರೆ ಹಲ್ಲುಚಕ್ರದ ಒಂದು ಹಲ್ಲು ಸವೆದು ಹೋಗಿತ್ತು. ಟೈಲರ್ ಬಾಯಿ ತೆರೆದವನು ಮುಚ್ಚಲೇ ಇಲ್ಲ.

“ಅತ್ತೇ, ಇಷ್ಟು ವರ್ಷ ಇದನ್ನ ಹೇಳಬಾರದಿತ್ತಾ? ಎಷ್ಟು ಮಷೀನು ಸುಮ್ನೆ ಬಿಚ್ಚಿ ಹಾಕಿದೀನಿ ನಾನು” ಅಂದ ಮೇಸ್ತ್ರಿ.

“ನೀವು ಯಾವತ್ತು ನನ್ನನ್ನ ಕೇಳಿದ್ರಿ?” ಅನ್ನುತ್ತ ಅತ್ತೆ ಶಾಲು ಸರಿ ಮಾಡಿಕೊಂಡು ಮುಂದಕ್ಕೆ ಬಾಗಿದರು. “ಇನ್ನೊಂದ್ಸಲ ತಿರುಗ್ಸಿ. ಬಲಗಡೆನೂ ಏನೋ ಗೊಣಗ್ತಿದೆ.”