ಯಾರೂ ಇಲ್ಲ ಎನ್ನಲಿಲ್ಲ

ಮಾರ್ಟಿನಾಗೆ ತನ್ನ ಮಗಳ ಮಲಗಿದ ಮುಖ ಮಾತ್ರ ಬಾಯಿಪಾಠವಾಗಿತ್ತು. ಬಲಗೆನ್ನೆ ದಿಂಬಿಗೆ ಒತ್ತಿ, ಬಾಯಿ ಚೂರೇ ಚೂರು ತೆರೆದು, ಒಂದು ಕೈ ಕಿವಿಯ ಮೇಲೆ. ಎಚ್ಚರವಿದ್ದಾಗ ಒಲಿವಿಯಾ ಏನೇನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಪಕ್ಕದ ಕೋಣೆಯ ಜುಬೈದಳನ್ನು ಕೇಳಿ ಹೇಳಬೇಕಿತ್ತು.

ಅಬುಧಾಬಿಯ ಖಾಲಿದಿಯಾದ ಆ ಹಳೆಯ ವಿಲ್ಲಾಕ್ಕೆ ಪ್ಲೈವುಡ್ ಗೋಡೆಗಳನ್ನು ನಿಲ್ಲಿಸಿ ಐದು ಸಂಸಾರಗಳನ್ನು ತುಂಬಿದ್ದರು. ಒಂದು ಕೋಣೆಯಲ್ಲಿ ಸೀನಿದರೆ ಇನ್ನೊಂದರಲ್ಲಿ ದೇವರ ಹೆಸರು ಹೇಳುತ್ತಿದ್ದರು. ಬೆಳಕು ಹರಿಯುವ ಮೊದಲೇ, ನಾಲ್ಕೈದು ಜನರನ್ನು ತಿಂಗಳ ಬಾಡಿಗೆಗೆ ದುಬೈಗೆ ಒಯ್ಯುವ ಕಾರ್‌ಲಿಫ್ಟಿನವನು ಗೇಟಿಗೆ ಬರುತ್ತಿದ್ದ, ಆಗ ಮಗು ಮಲಗಿರುತ್ತಿತ್ತು. ದುಬೈಯ ಕೆಲಸ ಮುಗಿಸಿ, ಜೆಬೆಲ್ ಅಲಿಯಲ್ಲಿ ಕಂಪನಿ ಬಸ್ಸುಗಳ ಸಾಲಿನ ಹಿಂದೆ ತೆವಳಿ ಮಾರ್ಟಿನಾ ಮನೆ ಮುಟ್ಟುವಾಗ ಜುಬೈದ ತುಟಿಗೆ ಬೆರಳಿಟ್ಟು ಬಾಗಿಲು ತೆರೆಯುತ್ತಿದ್ದಳು.

"ಈಗ ಮಲಗಿದ್ದು ಮಾರಾಯ್ತಿ. ನಿನ್ನ ಚಪ್ಪಲಿ ಶಬ್ದ ಮಾಡ್ಬೇಡ."

ಜುಬೈದ ಉಪ್ಪಿನಂಗಡಿಯ ಕಡೆಯವಳು. ಗಂಡ ಶಾಲೆಯ ಬಸ್ಸು ಓಡಿಸುತ್ತಿದ್ದ. ಒಲಿವಿಯಾ ಹುಟ್ಟಿದ ಎರಡು ತಿಂಗಳಿಗೇ ಮಾರ್ಟಿನಾ ಕೆಲಸಕ್ಕೆ ಹೊರಟಾಗ, "ಇಲ್ಲಿ ಬಿಟ್ಟು ಹೋಗು, ನನ್ನ ಮೂರರ ಜೊತೆ ನಾಲ್ಕು" ಎಂದು ಕೈಚಾಚಿ ತೆಗೆದುಕೊಂಡಿದ್ದಳು. ಆ ಉಪಕಾರ ಎಷ್ಟು ದೊಡ್ಡದೋ, ಮಾರ್ಟಿನಾಳ ಹೊಟ್ಟೆಯುರಿಯೂ ಅಷ್ಟೇ ದೊಡ್ಡದು. ಮಗು ಕೆಮ್ಮಿದರೆ ಚಿಂತೆ, ಕೆಮ್ಮದಿದ್ದರೆ ಉಸಿರಾಡುತ್ತಿದೆಯೋ ಎಂದು ಮೂಗಿನ ಕೆಳಗೆ ಬೆರಳು ಹಿಡಿಯುವ ಚಿಂತೆ.

ಕೆಲಸ ಬಿಡಬಹುದಿತ್ತಲ್ಲ ಎಂದು ಊರಿನವರು ಸುಲಭವಾಗಿ ಹೇಳುತ್ತಿದ್ದರು. ಗಂಡ ಡ್ಯಾರಲ್ ಹೋಟೆಲಿನ ರಿಸೆಪ್ಷನ್ನಿನಲ್ಲಿದ್ದ. ಅವನಿಗೆ ಕಂಪನಿ ಕೊಟ್ಟದ್ದು ಸ್ಟಾಫ್ ಕೋಣೆಯ ಒಂದು ಹಾಸಿಗೆ, ಅದನ್ನು ಬಿಟ್ಟು ಅವನೂ ವಿಲ್ಲಾದಲ್ಲೇ ಇರುತ್ತಿದ್ದ. ಸಂಸಾರದ ವೀಸಾಕ್ಕೆ ಅವನ ಹುದ್ದೆ ಸಾಲದು. ವಿಶೇಷ ಅನುಮತಿ ತೆಗೆದು ಮಗುವಿನ ವೀಸಾವನ್ನು ಮಾರ್ಟಿನಾಳ ವೀಸಾಕ್ಕೆ ಕಟ್ಟಿದ್ದರು. ಅವಳ ವೀಸಾ ಅವಳ ನೌಕರಿಗೆ ಕಟ್ಟಿತ್ತು. ಮಗಳನ್ನು ತನ್ನ ಬಳಿ ಇಟ್ಟುಕೊಳ್ಳಬೇಕಾದರೆ ಮಗಳನ್ನು ಬಿಟ್ಟು ಹೋಗುತ್ತಿರಬೇಕು. ಕಾರ್‌ಲಿಫ್ಟಿನ ಕಿಟಕಿಗೆ ತಲೆಯಾನಿಸಿ ಅವಳು ಈ ಗಂಟನ್ನು ದಿನಾ ಬಿಚ್ಚಲು ನೋಡುತ್ತಿದ್ದಳು. ದಿನಾ ಅದು ಹಾಗೇ ಉಳಿಯುತ್ತಿತ್ತು.

ನೌಕರಿ ಹೊರದೇಶದ ವಿಶ್ವವಿದ್ಯಾಲಯವೊಂದರ ದುಬೈ ಶಾಖೆಯಲ್ಲಿ. ಯೋಜನಾ ವಿಭಾಗವೆಂದರೆ ಮುಖ್ಯಸ್ಥರಾದ ಲಿಯೊನೆಲ್ ಡಿಸೋಜಾ ಮತ್ತು ಅವಳು, ಇಬ್ಬರೇ. ಲಿಯೊನೆಲ್ ಮಂಗಳೂರಿನ ಬೆಂದೂರಿನವರು, ಅವಳ ತಂದೆಯ ಜೊತೆ ಇಗರ್ಜಿಯ ಗಾಯನವೃಂದದಲ್ಲಿ ಹಾಡಿದವರು. ಮಾರ್ಟಿನಾಳನ್ನು ಕೈಹಿಡಿದು ಈ ಕೆಲಸಕ್ಕೆ ತಂದವರೂ ಅವರೇ. ಕಚೇರಿಯಲ್ಲಿ ಸರ್, ಇಗರ್ಜಿಯ ಅಂಗಳದಲ್ಲಿ ಅಂಕಲ್. ಅವರು ಮಾತ್ರ ಎರಡೂ ಕಡೆ ಅವಳನ್ನು, ಕೊಂಕಣಿಯಲ್ಲಿ ಮನೆಯ ಹುಡುಗಿಯರನ್ನು ಕರೆಯುವ ಹಾಗೆ, 'ಬಾಯಿ' ಎನ್ನುತ್ತಿದ್ದರು.

೨೦೧೪ರ ಆ ದಿನಗಳಲ್ಲಿ ಎಲ್ಲರ ಯೋಜನೆಯೂ ದುಬೈಯ ಎಕ್ಸ್‌ಪೋ ಮೇಳ ನಡೆಯಬೇಕಿದ್ದ ೨೦೨೦ಕ್ಕೆ ಹೋಗಿ ನಿಲ್ಲುತ್ತಿತ್ತು. ಇವರದ್ದೂ ಹಾಗೆಯೇ. ಒಂದು ಬೆಳಿಗ್ಗೆ ಲಿಯೊನೆಲ್ ಕುರ್ಚಿ ಎಳೆದುಕೊಂಡು ಅವಳ ಮೇಜಿನ ಬಳಿ ಕೂತರು.

"ನೋಡು ಬಾಯಿ, ಬೋರ್ಡಿನವರಿಗೆ ಎರಡನೇ ಕ್ಯಾಂಪಸ್ ಬೇಕಂತೆ. ಇಲ್ಲೇ ದುಬೈಯಲ್ಲಿ ಇನ್ನೊಂದು ಕಟ್ಟಡವಾ, ಅಬುಧಾಬಿಯಾ, ನಾವು ಹೇಳ್ಬೇಕು. ಆನ್‌ಲೈನಲ್ಲಿ ಕಳಿಸಿದ ಪ್ರಶ್ನೆಗಳಿಗೆ ಅಪ್ಪ-ಅಮ್ಮಂದಿರು ಯಾರೂ ಉತ್ತರ ಕೊಡ್ತಾ ಇಲ್ಲ. ನೀನು ಅಲ್ಲೇ ಇರುವವಳು. ನಮ್ಮ ಕಡೆಯ ಮನೆಗಳಿಗೆ ಹೋಗಿ ಬಾಯಲ್ಲೇ ಕೇಳಿ ತಂದ್ರೆ ಹೇಗೆ?"

ಮಾರ್ಟಿನಾ ಅಲ್ಲೇ ಲೆಕ್ಕ ಹಾಕಿದಳು. ಅಬುಧಾಬಿಯಲ್ಲಿ ಕ್ಯಾಂಪಸ್! ಹಾಗಾದರೆ ಅಲ್ಲಿಗೆ ಜನ ಬೇಕು, ಅಲ್ಲಿಯೇ ಇರುವ ತನ್ನನ್ನು ಬಿಟ್ಟು ಯಾರನ್ನು ಹಾಕಿಯಾರು? ಕಾರ್‌ಲಿಫ್ಟಿಗೆ ಖಲಾಸ್. ಮಗುವಿಗೆ ತಾನೇ ಸ್ನಾನ ಮಾಡಿಸಿ ಹೊರಡಬಹುದು, ಬರುವಾಗ ಅದು ಎಚ್ಚರವಿರುತ್ತದೆ. ಒಂದು ಕಟ್ಟಡಕ್ಕಾಗಿ ಅವಳು ಅದುವರೆಗೆ ಪ್ರಾರ್ಥನೆ ಮಾಡಿರಲಿಲ್ಲ. ಆ ವಾರ ಮಾಡಿದಳು.

ಮನೆಮನೆಗೆ ಹೋಗುವುದೆಂದರೆ ವಾರದ ರಜೆಯಾದ ಶುಕ್ರವಾರ. ಮಗಳು ಕೈಗೆ ಸಿಗುವ ದಿನವೂ ಅದೇ. ಅದನ್ನೂ ಬಿಟ್ಟು ಹೋಗಲು ಮನಸ್ಸು ಬಾರದೆ ಒಲಿವಿಯಾಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹೊರಟಳು.

ಮೊದಲು ಹೋದದ್ದು ಎರಡು ಬೀದಿ ಆಚೆಯ ಸಾಲಿಹಾ ಆಂಟಿಯ ಮನೆಗೆ. ಭಟ್ಕಳದ ನವಾಯತ ಕುಟುಂಬ. ಗಂಡ ಅತಾಉರ್ರಹ್ಮಾನರದ್ದು ಪರದೆ ಬಟ್ಟೆಯ ವ್ಯಾಪಾರ. ಮಗ ತಲ್ಹಾ ಹನ್ನೆರಡನೇ ತರಗತಿ. ಮಾರ್ಟಿನಾ ಟ್ಯಾಬ್ ತೆರೆಯುವ ಮೊದಲೇ ಅವಳ ಮುಂದೆ ಶಾವಿಗೆ ಬಿರಿಯಾನಿಯ ತಟ್ಟೆ ಬಂದಿತ್ತು.

"ಆಂಟಿ, ನಮ್ಮ ಯೂನಿವರ್ಸಿಟಿ ಇಲ್ಲೇ ಶುರುವಾದ್ರೆ ತಲ್ಹಾನನ್ನು ಸೇರಿಸ್ತೀರಾ?"

"ಸೇರಿಸದೆ ಮತ್ತೆ? ಮೊದಲು ನೀನು ತಿನ್ನು. ಹೆತ್ತವಳ ಹಾಗೆ ಕಾಣ್ತೀಯಾ ನೀನು? ಕೊಡಿಲ್ಲಿ ಮಗುವನ್ನು."

ತಲ್ಹಾ ಮೊಬೈಲಿನಿಂದ ತಲೆಯೆತ್ತಿದ. "ಬಟ್ ಮಮ್ಮಾ, ಚಾಚಾ ಆಲ್ರೆಡಿ ಊರಲ್ಲಿ ಸೀಟ್..."

ಸಾಲಿಹಾ ಅವನ ತಟ್ಟೆಗೆ ದೊಡ್ಡದೊಂದು ಮಾಂಸದ ತುಂಡು ಹಾಕಿ ಬಾಯಿ ಮುಚ್ಚಿಸಿದರು. ಅತಾಉರ್ರಹ್ಮಾನರು ಒಲಿವಿಯಾಳ ಗಲ್ಲ ಹಿಡಿದು, "ಇವಳೂ ಅಲ್ಲೇ ಓದಲಿ, ಇನ್‌ಶಾ ಅಲ್ಲಾ" ಎಂದು ನಕ್ಕರು. ಹುಡುಗನ ಅರ್ಧ ಮಾತು ಮಾರ್ಟಿನಾಳ ಕಿವಿಗೆ ಬಿದ್ದಿತ್ತು. ಬಿದ್ದರೂ ಅವಳು ಮಗುವಿನ ಬಾಯಿ ಒರೆಸಿದಳು. ಆಮೇಲೆ ಟ್ಯಾಬಿನಲ್ಲಿ 'ಹೌದು' ಒತ್ತಿದಳು.

ಶುಕ್ರವಾರದಿಂದ ಶುಕ್ರವಾರಕ್ಕೆ ಹೌದುಗಳು ಬೆಳೆದವು. ಆಸ್ಪತ್ರೆಯ ಲ್ಯಾಬಿನಲ್ಲಿದ್ದ ಯುಜಿನ್ ಪೂಜೆ ಮುಗಿಸಿ ಇಗರ್ಜಿಯ ಪಾರ್ಕಿಂಗಿನಲ್ಲೇ ಹೇಳಿದ:

"ನೀನು ಕೇಳಿದ ಮೇಲೆ ಇಲ್ಲ ಅನ್ಲಿಕ್ಕುಂಟಾ? ಬರ್ಕೊ. ಇಬ್ಬರದ್ದೂ ಬರ್ಕೊ. ಚಿಕ್ಕವನು ಈಗ ನಾಲ್ಕನೇ ಕ್ಲಾಸು, ಅಡ್ಡಿಯಿಲ್ವಲ್ಲ?"

ಕೇಳಿದ ಮನೆಗಳಲ್ಲಿ ಯಾರೂ ಇಲ್ಲ ಎನ್ನಲಿಲ್ಲ. ಲಿಯೊನೆಲ್ ಅದನ್ನೆಲ್ಲ ಕೂಡಿಸಿ, ಬಣ್ಣದ ಕಂಬಗಳನ್ನಾಗಿ ಮಾಡಿ, ದೇಶದಾಚೆಯಿಂದ ಬಂದ ಬೋರ್ಡಿನವರ ಮುಂದೆ ಗೋಡೆಯ ಪರದೆಯ ಮೇಲೆ ತೋರಿಸಿದರು. ಅಬುಧಾಬಿಯ ಕಂಬ ತಾರಸಿಗೆ ತಲೆ ತಾಗಿಸುವಷ್ಟು ಎತ್ತರವಿತ್ತು. ಯಾವ ಊರಿನಲ್ಲೂ ಪೋಷಕರು ಇಷ್ಟು ಖಚಿತವಾಗಿ ಮಾತಾಡಿದ್ದನ್ನು ತಾವು ಕಂಡಿಲ್ಲ ಎಂದು ಅಧ್ಯಕ್ಷರು ಮೆಚ್ಚಿಕೊಂಡರು. ಮೂಲೆಯ ಕುರ್ಚಿಯಲ್ಲಿದ್ದ ಮಾರ್ಟಿನಾಗೆ ತಲ್ಹಾನ ಅರ್ಧ ಮಾತು ನೆನಪಾಯಿತು. ಒಬ್ಬ ಹುಡುಗ ತಪ್ಪಿದರೆ ಏನು ಮಹಾ ಎಂದು ನೀರು ಕುಡಿದಳು.

ಅಬುಧಾಬಿಯ ಹೊರವಲಯದ ಬನಿಯಾಸಿನಲ್ಲಿ ಫರ್ನಿಚರ್ ಅಂಗಡಿಯ ಮೇಲಿನ ಮಹಡಿ ಬಾಡಿಗೆಗೆ ಸಿಕ್ಕಿತು. ಗಾಜಿನ ಬಾಗಿಲು ಬಂತು, ಹೊಸ ಬೆಂಚುಗಳು ಬಂದವು, ಹೆಸರಿನ ಫಲಕ ಏರಿತು. ಹೊಸ ಕ್ಯಾಂಪಸ್ಸಿಗೆ ವಿದ್ಯಾರ್ಥಿಗಳನ್ನು ಸೇರಿಸುವ ಅಧಿಕಾರಿಯೆಂದು ಮಾರ್ಟಿನಾಳನ್ನೇ ಹಾಕಿದರು.

ಮೊದಲ ಕೆಲವು ವಾರ ಅವಳು ನೆಲದ ಮೇಲೆ ಕಾಲಿಡಲಿಲ್ಲ. ಒಲಿವಿಯಾ ದೋಸೆಯ ಗರಿಗರಿ ಅಂಚು ಮಾತ್ರ ತಿಂದು ನಡುವಿನದ್ದನ್ನು ಉಗುಳುತ್ತಾಳೆ, ಕುಕ್ಕರ್ ಕೂಗಿದರೆ ನಗುತ್ತಾಳೆ, ಮಿಕ್ಸಿ ತಿರುಗಿದರೆ ಅಳುತ್ತಾಳೆ. ಈ ಸಂಗತಿಗಳನ್ನೆಲ್ಲ ಅವಳು ಜುಬೈದಳಿಗೆ ಸುದ್ದಿಯಂತೆ ಹೇಳಿದಳು.

"ಹೌದಾ?" ಎಂದಳು ಜುಬೈದ, ಮೊದಲ ಸಲ ಕೇಳಿದವಳಂತೆ.

ಅರ್ಜಿ ತೆರೆದ ಮೇಲೆ ಗ್ರಹಚಾರ ಶುರುವಾಯಿತು. ಹೌದು ಎಂದವರ ಪೈಕಿ ಒಬ್ಬರೂ ಬರಲಿಲ್ಲ. ಹಗಲು ಫೋನು ಮಾಡಿದರೆ ಗಂಡಸರು ಡ್ಯೂಟಿಯಲ್ಲಿ. ಸಿಗುವುದು ಸಂಜೆಯ ಮೇಲೆ, ರಜೆಯ ದಿನ. ಒಲಿವಿಯಾ ಎಚ್ಚರವಿರುವ ಹೊತ್ತೂ ಅದೇ. ಮಾರ್ಟಿನಾ ಪುನಃ ಮನೆಮನೆ ಹತ್ತಿದಳು, ಈ ಸಲ ಮಗುವನ್ನು ಬಿಟ್ಟು, ಯಾಕೆಂದರೆ ಒಂದು ಸಂಜೆಗೆ ಆರೇಳು ಮನೆ. ಎಲ್ಲರೂ ಚಹಾ ಕೊಟ್ಟರು. ಎಲ್ಲರೂ ನೋಡುವಾ ಎಂದರು.

ಡ್ಯಾರಲ್ ಶಿಫ್ಟಿಗೆ ಟೈ ಬಿಗಿಯುತ್ತ ಹೇಳಿದ: "ಮೊದಲಾದ್ರೆ ಆ ಕಾರ್‌ಲಿಫ್ಟಿನವ ನಿನ್ನನ್ನು ಹೊತ್ತಿಗೆ ಸರಿಯಾಗಿ ತಂದು ಬಿಡ್ತಿದ್ದ. ಈಗ ಅವನೂ ಇಲ್ಲ."

ಕಡೆಗೆ ಸಾಲಿಹಾ ಆಂಟಿಯ ಮನೆಗೆ ಹೋದಳು. ಬಾಗಿಲು ತೆರೆದ ಆಂಟಿ ಅವಳ ಬರಿ ಸೊಂಟ ನೋಡಿ, "ಮಗು ಎಲ್ಲಿ?" ಎಂದರು.

"ಜುಬೈದಳ ಹತ್ತಿರ. ಆಂಟಿ, ತಲ್ಹಾನ ಅರ್ಜಿ..."

"ತಲ್ಹಾ ಊರಿಗೆ ಹೋಗಿ ಹದಿನೈದು ದಿನ ಆಯ್ತಲ್ಲಾ. ಅವನ ಚಾಚಾ ಅಲ್ಲೇ ಕಾಲೇಜಿಗೆ ಹಾಕಿದ್ದಾರೆ."

ಮಾರ್ಟಿನಾಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂತು. "ಮತ್ತೆ ಸೇರಿಸ್ತೇವೆ ಅಂತ ಯಾಕೆ ಹೇಳಿದ್ರಿ ಆಂಟಿ? ನಾನು ಬರ್ಕೊಂಡು ಹೋದೆ. ಅದನ್ನು ನಂಬಿ ಕ್ಯಾಂಪಸ್ ಮಾಡಿದ್ರು."

ಸಾಲಿಹಾ ಅವಳನ್ನು ಎಳೆದು ಕೂರಿಸಿದರು. "ಕೇಳಿಲ್ಲಿ. ಇಲ್ಲಿ ಹುಟ್ಟಿದ ಮಕ್ಕಳಿಗೆ ನಮ್ಮ ಊರು ಅಂದ್ರೆ ರಜೆಯ ಹೋಟೆಲ್. ನಾಲ್ಕು ವರ್ಷ ಅಲ್ಲಿ ಓದಿದ್ರೆ ಅಜ್ಜಿಯ ಜೊತೆ ಇರ್ತಾರೆ, ನಮ್ಮ ಮಾತು ಕಲೀತಾರೆ, ನಾಲ್ಕು ಜನರ ಪರಿಚಯ ಆಗ್ತದೆ. ನಮ್ಮಲ್ಲಿ ಎಲ್ಲರೂ ಹಾಗೆ ಮಾಡೋದು. ನಿಮ್ಮವರೂ ಅದನ್ನೇ ಮಾಡ್ತಾರೆ, ಯುಜಿನನ ಹೆಂಡತಿಯನ್ನು ಕೇಳು. ಆದ್ರೆ ನೀನು ಹಸುಗೂಸನ್ನು ಎತ್ತಿಕೊಂಡು ಬಂದಿದ್ದೆ. ಬಿಸಿಲಿಗೆ ಮುಖ ಕೆಂಪಾಗಿತ್ತು. ಮನೆಗೆ ಬಂದವಳಿಗೆ, ಅದೂ ಕೂಸಿನ ಮುಂದೆ, ಇಲ್ಲ ಅನ್ನೋದು ಹೇಗೆ? ನಿನಗೆ ಗೊತ್ತಾಗ್ತದೆ ಅಂತ ಮಾಡಿದ್ದೆ."

ಗೊತ್ತಾಗಬೇಕಿತ್ತು. ಮಂಗಳೂರಿನಲ್ಲಿ ತನ್ನ ಅಮ್ಮನೂ ಬಂದವರಿಗೆಲ್ಲ ಹೀಗೇ ಹೂಂ ಎನ್ನುತ್ತಿದ್ದುದನ್ನು ಕೇಳಿಯೇ ಅವಳು ಬೆಳೆದದ್ದು. ಆದರೆ ಅವಳಿಗೆ ಹೌದು ಬೇಕಿತ್ತು.

ಸಾಲಿಹಾ ಇನ್ನೊಂದು ಮಾತು ತೆಗೆದರು. ಪರಿಚಯದ ಶಿಶುವಿಹಾರವೊಂದು ಅಲ್ಲೇ ಖಾಲಿದಿಯಾದಲ್ಲಿತ್ತು. ಮುಂಭಾಗದ ಕಚೇರಿಗೆ ಒಬ್ಬಳು ಬೇಕು. ಮಧ್ಯಾಹ್ನಕ್ಕೆ ಕೆಲಸ ಮುಗಿಯುತ್ತದೆ, ವೀಸಾ ಅವರೇ ಮಾಡುತ್ತಾರೆ, ಒಲಿವಿಯಾ ಅಲ್ಲೇ ಆಡಿಕೊಂಡಿರಬಹುದು. ಈಗಿನ ಕಚೇರಿಯವರು ಬಿಡುಗಡೆ ಕೊಡಬೇಕು, ಅಷ್ಟೇ. ಕೊಡದಿದ್ದರೆ ಆರು ತಿಂಗಳು ಬೇರೆ ಕಡೆ ಸೇರುವಂತಿಲ್ಲ, ಅಷ್ಟರಲ್ಲಿ ತಾಯಿ ಮಗು ಇಬ್ಬರೂ ದೇಶ ಬಿಡಬೇಕಾಗುತ್ತದೆ.

ಬಿಡುಗಡೆ ಕೊಡಬೇಕಾದವರು ಲಿಯೊನೆಲ್. ಅವರು ಆ ವಾರವೇ ಬನಿಯಾಸಿಗೆ ಬರುವುದಿತ್ತು.

ಬೆಳಿಗ್ಗೆ ಡ್ಯಾರಲ್ ಅವಳನ್ನು ಎದುರು ನಿಲ್ಲಿಸಿಕೊಂಡು ಬಾಯಿಪಾಠ ಮಾಡಿಸಿದ. "ನಾನು ಲಿಯೊನೆಲ್ ಅಂಕಲ್. ಏನು ಬಾಯಿ, ಹೇಗೆ ನಡೀತಾ ಉಂಟು?"

"ಸರ್, ನನಗೆ ಮುಂದುವರಿಯಲಿಕ್ಕೆ ಆಗುವುದಿಲ್ಲ. ದಯವಿಟ್ಟು ಬಿಡುಗಡೆ ಕೊಡಿ."

"ದಯವಿಟ್ಟು ತೆಗಿ. ದಯವಿಟ್ಟು ಅಂದ ಕೂಡಲೇ ನೀನು ಅಳ್ತೀಯ."

ಒಲಿವಿಯಾ ಜುಬೈದಳ ಮಡಿಲಿನಿಂದ ಇಬ್ಬರನ್ನೂ ನೋಡಿ ಚಪ್ಪಾಳೆ ತಟ್ಟಿದಳು.

ಲಿಯೊನೆಲ್ ಬಂದಾಗ ಸಂಜೆಯಾಗಿತ್ತು. ಸಾಲು ಬೆಂಚುಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ಜಾಹೀರಾತು ನೋಡಿ ಸೇರಿದ್ದ ನಾಲ್ಕೈದು ಮಕ್ಕಳು ಒಂದೇ ಮೇಜಿನ ಸುತ್ತ ಕೂತು ಚಿಪ್ಸ್ ತಿನ್ನುತ್ತಿದ್ದರು. ಲಿಯೊನೆಲ್ ಬೆಂಚುಗಳ ನಡುವೆ ಒಂದು ಸುತ್ತು ನಡೆದು ಬಂದರು. ಕೈಚೀಲದಿಂದ ಡಬ್ಬಿಯೊಂದನ್ನು ತೆಗೆದು ಅವಳ ಮುಂದಿಟ್ಟರು.

"ನಮ್ಮ ಮನೆಯಲ್ಲಿ ಆಂಟಿ ಮಾಡಿದ್ದು, ರವೆ ಕೇಕ್. ನಿನ್ನ ಮಗಳಿಗೆ. ಅಪ್ಪನ ಮೊಣಕಾಲು ಹೇಗುಂಟು ಈಗ?"

"ಪರವಾಗಿಲ್ಲ ಅಂಕಲ್," ಎಂದಳು. ಸರ್ ಎನ್ನಬೇಕಿತ್ತು. ಅಲ್ಲಿಗೇ ಅವಳ ಪಾಠ ತಪ್ಪಿತು.

ಲಿಯೊನೆಲ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಬೋರ್ಡಿನವರು ನನ್ನನ್ನು ಕೇಳ್ತಾ ಇದ್ದಾರೆ, ಬಾಯಿ. ಇಷ್ಟು ಹೌದುಗಳು ಎಲ್ಲಿ ಹೋದವು ಅಂತ. ನಾನು ಇನ್ನೂ ಮೂರು ವರ್ಷದ ಸಮಯ ಕೊಡಿ ಅಂತ ಕೇಳಿದ್ದೇನೆ. ಅಲ್ ಐನ್, ಫುಜೈರಾ, ರಾಸ್ ಅಲ್ ಖೈಮಾ, ಎಲ್ಲ ಕಡೆ ಹೋಗಿ ಮಕ್ಕಳನ್ನು ತರ್ಬೇಕು. ಆ ಮನೆಗಳ ಪರಿಚಯ ಇರುವವಳು ನೀನು ಒಬ್ಬಳೇ. ನೀನು ಇರ್ತಿ ಅಂದ್ರೆ ನಾನು ಅವರಿಗೆ ಮುಖ ತೋರಿಸ್ಬಹುದು. ಇರ್ತಿಯಲ್ಲ?"

ಬೆಳಿಗ್ಗೆ ಕಲಿತದ್ದು ನಾಲಗೆಯ ತುದಿಗೇ ಬಂದಿತ್ತು. ಆದರೆ ಆ ಹೌದುಗಳನ್ನು ತಂದು ಕೊಟ್ಟವಳು ತಾನು. ಎದುರಿಗೆ ಕೇಕಿನ ಡಬ್ಬಿ, ಅದಕ್ಕೆ ಲಿಯೊನೆಲ್ಲರ ಹೆಂಡತಿ ಕಟ್ಟಿದ ಕೆಂಪು ರಿಬ್ಬನ್. ಅಪ್ಪನ ಜೊತೆ ಹಾಡಿದ ಮನುಷ್ಯ, ಮನೆ ಬಾಗಿಲಿಗೆ ಬಂದವರ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತಿದ್ದರು.

"ಇರ್ತೇನೆ ಅಂಕಲ್. ಇರದೆ ಮತ್ತೆ?"

ಸಾಲಿಹಾ ಆಂಟಿಯ ಸ್ವರದಲ್ಲೇ ಹೇಳಿದ್ದಳು. ಲಿಯೊನೆಲ್ಲರ ಮುಖ ಅರಳಿತು. ಒಂದು ವರ್ಷದ ಹಿಂದೆ ಬಿರಿಯಾನಿ ತಟ್ಟೆಯ ಮುಂದೆ ತನ್ನ ಮುಖವೂ ಹೀಗೇ ಅರಳಿದ್ದಿರಬೇಕು. ಆದರೆ ಆಂಟಿಯ ಮಗ ಊರಿಗೆ ಹೋದ, ಅವರಿಗೇನೂ ಆಗಲಿಲ್ಲ. ಇವಳ ಹೌದನ್ನು ನಾಳೆ ಬೆಳಿಗ್ಗೆ ಲಿಯೊನೆಲ್ ಬೋರ್ಡಿಗೆ ತಿಳಿಸುತ್ತಾರೆ. ಶಿಶುವಿಹಾರದವರು ಬೇರೆ ಯಾರನ್ನೋ ತೆಗೆದುಕೊಳ್ಳುತ್ತಾರೆ.

ಅವರು ಆಗಲೇ ನಕ್ಷೆ ಬಿಡಿಸಿದ್ದರು. ಯಾವ ವಾರ ಯಾವ ಊರು ಎಂದು ಗುರುತು ಹಾಕಲು ಇನ್ನೂ ಹೊತ್ತಿತ್ತು. ಮಾರ್ಟಿನಾ ಒಂದು ನಿಮಿಷ ಎಂದು ಮೆಟ್ಟಿಲ ಬಳಿ ಬಂದು ಜುಬೈದಳಿಗೆ ಫೋನು ಮಾಡಿದಳು. ಹಿಂದೆ ಒಲಿವಿಯಾ ಯಾವುದೋ ಪಾತ್ರೆ ಬಡಿಯುವ ಸದ್ದು ಕೇಳುತ್ತಿತ್ತು.

"ಜುಬೈದ, ಸ್ವಲ್ಪ ತಡ ಆಗ್ತದೆ. ಇವತ್ತೊಂದು ದಿನ ನಾನು ಬರುವವರೆಗೆ ಅವಳನ್ನು ಮಲಗಿಸ್ಬೇಡ, ಆಯ್ತಾ? ಕೇಕ್ ತರ್ತಾ ಇದ್ದೇನೆ."

"ಆಯ್ತು ಮಾರಾಯ್ತಿ," ಎಂದಳು ಜುಬೈದ, ತಕ್ಷಣ, ತುಂಬ ಮೆತ್ತಗೆ. "ಎಚ್ಚರ ಇಡ್ತೇನೆ. ಇಡದೆ ಎಂತ?"

ಫೋನಿನ ಹಿಂದೆ ಪಾತ್ರೆಯ ಸದ್ದು ನಿಂತಿತು. ಹಾಸಿಗೆ ಬಿಡಿಸುವಾಗ ಚಾದರ ಕೊಡವುವ ಸದ್ದು ಕೇಳಿತು. ಮಾರ್ಟಿನಾ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.