ಸರ್ವರ್ ರೂಮಿನ ರಾಹುಕಾಲ

ಸರ್ವರ್ ರೂಮು ಅಂದ ತಕ್ಷಣ ಏನೇನೋ ಕಲ್ಪಿಸಿಕೊಳ್ಳಬೇಡಿ. ಅದು ನೂಲಿನ ಮೂಟೆ ಇಡುತ್ತಿದ್ದ ಕೋಣೆ. ಇದ್ದೊಂದು ಕಿಟಕಿಗೆ ಹಲಗೆ ಹೊಡೆದು, ಗೋಡೆ ಕೊರೆದು ಎ.ಸಿ. ಕೂರಿಸಿ, ಬಾಗಿಲಿಗೆ ಹೊಸ ಬೀಗ ಹಾಕಿದ್ದರು, ಅಷ್ಟೇ. ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ಬಟ್ಟೆಯನ್ನು ಹೊರದೇಶಕ್ಕೆ ಕಳಿಸುವ ಒಂದು ಕಾರ್ಖಾನೆ ಅದು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹೊರಗೆ ಇಡೀ ಬೀದಿ ಮಗ್ಗದ ಸದ್ದಿನಲ್ಲಿ ಅದುರುತ್ತಿದ್ದರೆ, ಒಳಗೆ ನಾನು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ.

ಆ ಕೆಲಸ ನನಗೆ ಸಿಕ್ಕಿದ್ದು ನನ್ನ ಕಂಪ್ಯೂಟರ್ ಕೋರ್ಸಿನಿಂದ ಅಂತ ಬಹಳ ದಿನ ನಂಬಿಕೊಂಡಿದ್ದೆ. ಆಮೇಲೆ ಗೊತ್ತಾಯಿತು. ನಮ್ಮ ಮನೆಯ ಮಗ್ಗಗಳಿಗೆ ನೂಲು ಬರುತ್ತಿದ್ದದ್ದು ಆ ಯಜಮಾನರಿಂದ, ನೇಯ್ದ ಬಟ್ಟೆ ಹೋಗುತ್ತಿದ್ದದ್ದೂ ಅವರಿಗೇ. ಅವರು ನಮ್ಮಪ್ಪನಿಗೆ, "ನಿನ್ನ ಮಗಳನ್ನೇ ಕಳ್ಸಪ್ಪ. ಹೊರಗಿನೋರನ್ನ ಇಟ್ಕೊಂಡ್ರೆ ಕೆಲ್ಸ ಕಲ್ತು ಓಡೋಗ್ಬಿಡ್ತಾರೆ" ಅಂದಿದ್ದರಂತೆ. ಅಂದರೆ ನಾನು ಓಡಿಹೋಗಲಾರೆ ಅನ್ನುವುದೇ ನನ್ನ ಅರ್ಹತೆ. ಅಪ್ಪನೂ ಒಂದು ಮಾತು ಹೇಳಿ ಕಳಿಸಿದ್ದರು: "ಅವರ ಮನೆಯಿಂದ ನಿನ್ನ ಮೇಲೆ ಒಂದೇ ಒಂದು ಮಾತು ಬಂದ್ರೂ ಅವತ್ತಿಗೆ ಮುಗೀತು. ಮನೇಲಿ ಕೂತ್ಕೋಬೇಕು."

ನನ್ನ ಪಾಲಿಗೆ ಇದ್ದ ಆ ಸರ್ವರ್ ಮಾಡುತ್ತಿದ್ದ ಕೆಲಸ ಸರಳ. ಇಂಟರ್ನೆಟ್ಟಿನಲ್ಲಿ ಯಾವುದೇ ಜಾಗಕ್ಕೆ ಹೋಗಬೇಕಾದರೂ ನಾವು ಹೆಸರು ಹೇಳುತ್ತೇವೆ, ಕಂಪ್ಯೂಟರಿಗೆ ಬೇಕಾದದ್ದು ನಂಬರು. ಹೆಸರು ಕೇಳಿ ನಂಬರು ಹುಡುಕಿಕೊಡುವುದು ಇದರ ಕೆಲಸ. ತನಗೆ ಗೊತ್ತಿಲ್ಲದಿದ್ದರೆ ಬೆಂಗಳೂರಿನ ಸರ್ವರನ್ನು ಕೇಳಿ ತಿಳಿದುಕೊಳ್ಳುತ್ತದೆ. ಒಂದು ಸಲ ತಿಳಿದದ್ದನ್ನು ನೆನಪಿನಲ್ಲಿಟ್ಟುಕೊಂಡು, ಮತ್ತೆ ಯಾರಾದರೂ ಕೇಳಿದರೆ ತಾನೇ ಹೇಳಿಬಿಡುತ್ತದೆ. ನಮ್ಮ ಫೋನ್ ಲೈನಿನ ಯೋಗ್ಯತೆಗೆ ಅದು ದೊಡ್ಡ ಉಪಕಾರವೇ ಆಗಿತ್ತು.

ಕಾರ್ಖಾನೆಗೆ ಸ್ವಂತ ವೆಬ್‌ಸೈಟು ಆಗಬೇಕೆಂದು ಯಜಮಾನರಿಗೆ ಹುಚ್ಚು ಹತ್ತಿತು. ಬೆಂಗಳೂರಿನ ಒಂದು ಕಂಪನಿಯವರು ಮಾಡಿಕೊಟ್ಟರು. ಸರಿ, ಅದು ಶುರುವಾಗಬೇಕಲ್ಲ, ಮುಹೂರ್ತ ಬೇಡವೇ? ಹೊಸ ಮಗ್ಗ ಕೂರಿಸಿದರೆ ಹೇಗೋ ಹಾಗೆ, ಶುಕ್ರವಾರ ಬೆಳಿಗ್ಗೆ ಪೂಜೆ ಇಟ್ಟುಕೊಂಡರು. ಸರ್ವರ್‌ಗೂ ಪಕ್ಕದ ಕಂಪ್ಯೂಟರಿಗೂ ಸೇವಂತಿಗೆ ಹಾರ, ಕುಂಕುಮ, ವಿಭೂತಿ, ಮುಂದೆ ದೀಪ. ಊದುಬತ್ತಿಯ ಹೊಗೆ ಮಿಷನ್ನಿಗೆ ಆಗಲ್ಲ ಅಂತ ನಾನು ಬಡಿದುಕೊಂಡೆ, ಯಾರು ಕೇಳುತ್ತಾರೆ! ಆ ಗೂಡಿನಂಥ ಕೋಣೆಯೊಳಗೆ ಪುರೋಹಿತರು, ಯಜಮಾನರು, ಅವರ ಹೆಂಡತಿ, ನೆಂಟರಿಷ್ಟರು. ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದವರು ಯಜಮಾನರ ತಾಯಿ. ಊರಿಗೆಲ್ಲ ಅವರು ದೊಡ್ಡಮ್ಮ.

ದೊಡ್ಡಮ್ಮನವರ ಬಾಯಲ್ಲಿ ಬಂದದ್ದು ಸಂಜೆಯೊಳಗೆ ನೇಕಾರರ ಅಷ್ಟೂ ಬೀದಿ ಸುತ್ತಿ ಬರುತ್ತಿತ್ತು. ಅದರಲ್ಲೂ ಕೈಗುಣದ ವಿಷಯದಲ್ಲಿ ಅವರು ಹೇಳಿದ್ದೇ ಕೊನೆ. ಯಾರ ಕೈಯಲ್ಲಿ ಶುರುವಾದ ಕೆಲಸ ಏಳಿಗೆಯಾಗುತ್ತದೆ, ಯಾರ ಕೈ ತಾಗಿದರೆ ಕೆಡುತ್ತದೆ, ಎಲ್ಲ ಅವರು ನಿರ್ಧಾರ ಮಾಡುತ್ತಿದ್ದರು. ಕೈಗುಣ ಸರಿಯಿಲ್ಲ ಅಂತ ಒಬ್ಬ ಹೆಂಗಸಿಗೆ ಹೆಸರು ಬಂತೋ, ಆಮೇಲೆ ಅವಳನ್ನು ಒಳ್ಳೇ ಕೆಲಸಕ್ಕೆ ಯಾರೂ ಕರೆಯುತ್ತಿರಲಿಲ್ಲ. ಮದುವೆಯಾಗದ ಹುಡುಗಿಯಾದರಂತೂ ಕೇಳುವುದೇ ಬೇಡ.

ವೆಬ್‌ಸೈಟು ತೆರೆಯುವ ಗುಂಡಿ ಒತ್ತಬೇಕಾಗಿದ್ದವರು ಸೊಸೆ, ಅಂದರೆ ಯಜಮಾನರ ಹೆಂಡತಿ. ಕಂಪ್ಯೂಟರ್ ಮುಟ್ಟಿದರೆ ಶಾಕ್ ಹೊಡೆಯುತ್ತೆ ಅಂತ ಅವರು ಹಿಂದೆ ಸರಿದರು. ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಕನ್ಯೆ ಕೈಯಲ್ಲಾದ್ರೆ ಇನ್ನೂ ಒಳ್ಳೇದು. ನೀನೇ ಒತ್ತು ಮಗಾ."

ಎಲ್ಲ ತಯಾರಾಗಿದೆಯಾ ಅಂತ ಕೇಳಲು ಬೆಂಗಳೂರಿನ ಆ ಕಂಪನಿಗೆ ಫೋನು ಮಾಡಿದೆ. ಆ ಕಡೆಯ ಹುಡುಗ, "ನಿಮ್ಮ ಸೈಟಿನ ಹೆಸರು ಇನ್ನೂ ನಮ್ಮ ಸರ್ವರಿನಲ್ಲಿ ಹಾಕಿಲ್ಲ ಮೇಡಂ, ಹಾಕ್ತಾ ಇದೀನಿ. ಒಂದು ಹತ್ತು ನಿಮಿಷ ಕೊಡಿ" ಅಂದ. ಅದನ್ನೇ ಹೇಳಿದೆ.

"ಹತ್ತೂವರೆಗೆ ರಾಹುಕಾಲ ಬಂದ್ಬಿಡ್ತದೆ. ನಿನ್ನ ಬೆಂಗಳೂರೋನಿಗೋಸ್ಕರ ಮುಹೂರ್ತ ಕಾಯ್ತದಾ? ಒತ್ತಮ್ಮಿ!" ಅಂದರು ದೊಡ್ಡಮ್ಮ.

"ಸುಮ್ನೆ ಶಾಸ್ತ್ರಕ್ಕೆ ಒಂದ್ಸಲ ಒತ್ಬಿಡಮ್ಮ" ಅಂದರು ಯಜಮಾನರು. ಪುರೋಹಿತರ ಮಂತ್ರ ಜೋರಾಯಿತು. ಒತ್ತಿದೆ. ಇಂಥ ಹೆಸರಿನದು ಯಾವುದೂ ಇಲ್ಲ ಎಂದು ಪರದೆಯ ಮೇಲೆ ಬಂತು. ಮಂತ್ರ ಅಲ್ಲಿಗೇ ನಿಂತುಹೋಯಿತು.

ಸ್ವಲ್ಪ ಹೊತ್ತಿಗೆ ಫೋನು ಬಂತು. "ಹಾಕಿದೀನಿ ಮೇಡಂ, ಇಲ್ಲಿ ಬೊಂಬಾಟಾಗಿ ಬರ್ತಿದೆ." ಮತ್ತೆ ಒತ್ತಿದೆ. ಇಲ್ಲ. ಎಲ್ಲ ಮುಚ್ಚಿ ತೆರೆದು ಒತ್ತಿದೆ. ಇಲ್ಲ. ಅಷ್ಟರಲ್ಲಿ ಗಡಿಯಾರ ನೋಡಿದ ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. "ಸಾಕು. ರಾಹುಕಾಲ ಬಂತು. ಇನ್ನು ಇದನ್ನ ಯಾರೂ ಮುಟ್ಟಂಗಿಲ್ಲ."

ಎಲ್ಲರೂ ತಿಂಡಿಗೆ ಹೊರಟರು. ನಾನೂ ಎದ್ದೆ. "ನೀನೆಲ್ಲಿಗೆ? ನಿನ್ನ ಕೈಯಲ್ಲಿ ಶುರುವಾಗೈತೆ, ದೀಪ ಉರಿಯೋಗಂಟ ಇಲ್ಲೇ ಕೂತ್ಕೊ" ಅಂದವರೇ ಕುರ್ಚಿಯನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡು ಅಡಿಕೆ ಕತ್ತರಿಸುತ್ತಾ ಕೂತರು. ಕಿಟಕಿ ಇಲ್ಲ. ಊದುಬತ್ತಿ ಹೊಗೆಗೆ ಕಣ್ಣುರಿ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬಾಗಿಲಾಚೆ ನಿಂತಿದ್ದ ಸೊಸೆಗೆ ಅವರು ಮೆಲ್ಲಗೆ ಹೇಳಿದ್ದು ನನಗೆ ಸರಿಯಾಗಿಯೇ ಕೇಳಿಸಿತು: "ಕೈಗುಣ ನೆಟ್ಟಗಿಲ್ಲ ಕಣಮ್ಮಿ ಈ ಹುಡುಗೀದು."

ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಏನಾಗಿದೆ ಅಂತ ಕಂಡುಹಿಡಿಯದಿದ್ದರೆ ಸಂಜೆಗೆ ನಮ್ಮ ಬೀದಿಗೆ ನನಗಿಂತ ಮೊದಲು ಈ ಮಾತು ಹೋಗಿ ತಲುಪುತ್ತಿತ್ತು. ಕೈ ಕಟ್ಟಿಕೊಂಡು, ಪರದೆಯನ್ನು ದುರುಗುಟ್ಟಿ ನೋಡುತ್ತಾ ಯೋಚಿಸಿದೆ. ಬೆಂಗಳೂರಿನಲ್ಲಿ ಬರುತ್ತಿದೆ. ಇಲ್ಲಿ ಮಾತ್ರ ಇಲ್ಲ. ಅವರು ಹೆಸರು ಹಾಕುವ ಮೊದಲೇ ಕೇಳಿದವರು ಲೋಕದಲ್ಲಿ ನಾವೊಬ್ಬರೇ. ಅಯ್ಯೋ ಶಿವನೇ, ಅಷ್ಟೇ! ನಮ್ಮ ಸರ್ವರ್ ಆ ಹೊತ್ತಿನಲ್ಲಿ ಬೆಂಗಳೂರನ್ನು ಕೇಳಿತು, ಇಲ್ಲ ಅನ್ನುವ ಉತ್ತರ ಬಂತು. ಆ 'ಇಲ್ಲ'ವನ್ನೂ ಅದು ನೆನಪಿಟ್ಟುಕೊಂಡಿದೆ. ಇನ್ನು ಗಂಟೆಗಟ್ಟಲೆ, ಯಾರು ಕೇಳಿದರೂ ಮತ್ತೆ ವಿಚಾರಿಸದೆ ಅದನ್ನೇ ಹೇಳುತ್ತಿರುತ್ತದೆ.

"ದೊಡ್ಡಮ್ಮಾ, ಗೊತ್ತಾಯ್ತು! ಒಳಗಿರೋ ಒಂದು ಪ್ರೋಗ್ರಾಂ ನಿಲ್ಸಿ ಮತ್ತೆ ಶುರು ಮಾಡಿದ್ರೆ ಸರಿಹೋಗುತ್ತೆ. ಒಂದು ನಿಮಿಷದ ಕೆಲ್ಸ."

"ನಿಲ್ಸೋದಾ?" ಅಡಕತ್ತರಿ ನಿಂತಿತು. "ಪೂಜೆ ಮಾಡಿ ದೀಪ ಹಚ್ಚಿರೋದನ್ನ ರಾಹುಕಾಲದಾಗೆ ನಿಲ್ಸೋದಾ? ಬಿಡ್ತು ಅನ್ನು!"

"ಬಿಡ್ತು" ಅಂದೆ. ಇನ್ನೇನು ಮಾಡಲಿ?

ಮಿಷನ್ನಿನ ನೆನಪು ತೊಳೆಯುವುದು ನನಗೆ ಗೊತ್ತಿತ್ತು, ಬಾಗಿಲಿಗೆ ಅಡ್ಡ ಕೂತಿದ್ದ ಈ ಹೆಂಗಸನ್ನು ದಾಟುವುದು ಗೊತ್ತಿರಲಿಲ್ಲ. ಕೊನೆಗೆ ಬಾತ್‌ರೂಮಿಗೆ ಹೋಗಬೇಕು ಅಂದೆ. ಅದಕ್ಕೆ ರಾಹುಕಾಲದ ಅಡ್ಡಿ ಇರಲಿಲ್ಲವೆಂದು ಕಾಣುತ್ತದೆ. "ಬಿರ್ರನೆ ಬಾ" ಎಂದು ಕುರ್ಚಿ ಸರಿಸಿದರು.

ಲೆಕ್ಕದವರ ರೂಮಿನಲ್ಲಿ ಯಾರೂ ಇರಲಿಲ್ಲ, ಎಲ್ಲ ಕೇಸರಿಬಾತಿನ ಸುತ್ತ ಸೇರಿದ್ದರು. ಅಲ್ಲಿನ ಕಂಪ್ಯೂಟರಿನಿಂದ ತಂತಿಯ ಮೂಲಕವೇ ಸರ್ವರಿನೊಳಗೆ ಹೋಗಬಹುದಿತ್ತು. ಹೋದೆ. ಮೊದಲು ಅನುಮಾನ ಪರಿಹರಿಸಿಕೊಂಡೆ. ಬೆಂಗಳೂರಿನ ಸರ್ವರನ್ನೇ ನೇರವಾಗಿ ಕೇಳಿದರೆ ನಂಬರು ಥಟ್ಟನೆ ಬಂತು, ನಮ್ಮದನ್ನು ಕೇಳಿದರೆ ಅದೇ ಹಳೇ ರಾಗ. ಹೆಸರು ಹುಡುಕುವ ಪ್ರೋಗ್ರಾಂ ನಿಲ್ಲಿಸಿದೆ, ಮತ್ತೆ ಶುರು ಮಾಡಿದೆ. ಈ ಸಲ ನಮ್ಮ ಸರ್ವರೂ ನಂಬರು ಹೇಳಿತು. ವೆಬ್‌ಸೈಟು ತೆರೆದೆ. ಪರದೆಯ ಮೇಲೆ ನಮ್ಮ ಊರಿನ ನವಿಲು ಬಣ್ಣದ ಸೀರೆಯೊಂದು ಮೇಲಿನಿಂದ ಕೆಳಕ್ಕೆ, ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಅಂಥ ಸಂತೋಷ ನನಗೆ ಆ ಕಾರ್ಖಾನೆಯಲ್ಲಿ ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ.

ಓಡಿಬಂದೆ. "ದೊಡ್ಡಮ್ಮಾ, ಈಗ ಬರುತ್ತೆ. ಒಂದೇ ಒಂದ್ಸಲ ಒತ್ತಲಾ?"

"ಕೈ ಇಟ್ಟೀಯಾ!"

ಕೂತೆ. ಕುರ್ಚಿ ಮತ್ತೆ ಬಾಗಿಲಿಗೆ ಅಡ್ಡ ಬಂತು. ಹಾರ ಹಾಗೇ ಇತ್ತು, ದೀಪ ಉರಿಯುತ್ತಿತ್ತು. ಎದುರಿಗೇ ಎಲ್ಲ ಸರಿಯಾಗಿ ಕೂತಿತ್ತು, ಒಂದು ಬೆರಳು ತಾಗಿಸಿದ್ದರೆ ಸಾಕಿತ್ತು.

ಹನ್ನೆರಡು ಹೊಡೆದ ಮೇಲೆ ಎಲ್ಲರೂ ಮತ್ತೆ ಬಂದರು. ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. ದೊಡ್ಡಮ್ಮ ನನ್ನ ಭುಜದ ಮೇಲೆ ಕೈಯಿಟ್ಟು, ಸಿಟ್ಟಿನಿಂದಲ್ಲ, ಬಹಳ ಮೆತ್ತಗೆ ಹೇಳಿದರು: "ನೀನು ಏಳು ಮಗಾ." ಸೊಸೆಯನ್ನು ಕೂರಿಸಿದರು. ಯಜಮಾನರು ಎಲ್ಲಿ ಒತ್ತಬೇಕೆಂದು ತೋರಿಸಿದರು. ಆಕೆ ಹೆದರುತ್ತಾ, ಸೆರಗಿನ ತುದಿಯಿಂದ ಒತ್ತಿದರು. ಸೀರೆ ಇಳಿಯತೊಡಗಿತು.

ಕೋಣೆ ತುಂಬಾ ಚಪ್ಪಾಳೆ. "ನೋಡಿದ್ರಾ! ಅದಕ್ಕೇ ಹೇಳೋದು ಕೈಗುಣ ಅಂತ" ಎಂದರು ದೊಡ್ಡಮ್ಮ, ಸೊಸೆಗೆ ದೃಷ್ಟಿ ನೆಟಿಗೆ ತೆಗೆಯುತ್ತಾ.

"ಅಣ್ಣಾ, ಅದು ನಾನು ಸರಿ ಮಾಡಿದ್ದಕ್ಕೆ ಬಂತು" ಅಂದೆ, ಯಜಮಾನರಿಗೆ.

"ಯಾವಾಗ ಮಾಡ್ದೆಯಮ್ಮ?"

ದೊಡ್ಡಮ್ಮನೂ ನನ್ನನ್ನೇ ನೋಡಿದರು. ರಾಹುಕಾಲದಲ್ಲಿ, ಸುಳ್ಳು ಹೇಳಿ ಹೊರಗೆ ಹೋಗಿ, ಪೂಜೆ ಮಾಡಿದ್ದನ್ನು ನಿಲ್ಲಿಸಿದೆ ಅಂದರೆ ಕೈಗುಣದ ಜೊತೆ ನಡತೆಯೂ ಹೋಗುತ್ತಿತ್ತು. ಅಪ್ಪನ ನೂಲೂ ಹೋಗುತ್ತಿತ್ತು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.

ಕೆಲಸದಿಂದ ತೆಗೆಯಲಿಲ್ಲ. ಆ ಮಿಷನ್ನು ನೋಡಿಕೊಳ್ಳಲು ಇನ್ನೊಬ್ಬರು ಎಲ್ಲಿ ಸಿಗುತ್ತಿದ್ದರು? ಆದರೆ ಹೊಸದು ಏನು ಬಂದರೂ, ಒಂದು ಪ್ರಿಂಟರ್ ಬಂದರೂ, ಮೊದಲ ಗುಂಡಿ ಒತ್ತಲು ಸೊಸೆಯನ್ನು ಕರೆಯುತ್ತಿದ್ದರು. ಅದಾದ ಮೇಲೆ ನಾನು.

ಒಂದೆರಡು ವಾರ ಕಳೆದು ನಮ್ಮ ಮನೆಯ ಮಗ್ಗಕ್ಕೆ ಹೊಸ ಹಾಸಿನ ಎಳೆಗಳನ್ನು ಏರಿಸಿದರು. ಹಾಸು ಏರಿದಾಗಲೆಲ್ಲ ಮಗ್ಗ ಶುರು ಮಾಡಿಸುತ್ತಿದ್ದದ್ದು ನನ್ನ ಕೈಯಿಂದಲೇ. ಭಾನುವಾರವಾದ್ದರಿಂದ ಮನೆಯಲ್ಲೇ ಇದ್ದೆ. ತಲೆಗೆ ನೀರು ಹಾಕಿಕೊಂಡು, ಹೂ ಮುಡಿದು ಮಗ್ಗದ ಹತ್ತಿರ ಬಂದು ನಿಂತೆ. ಅಪ್ಪ ಮಗ್ಗದ ಕಡೆಗೇ ಮುಖ ಮಾಡಿಕೊಂಡು ಆಗಲೇ ಬಿಗಿಯಾಗಿದ್ದ ಎಳೆಯೊಂದನ್ನು ಬಿಗಿ ಮಾಡುತ್ತಿದ್ದರು. ಅಮ್ಮ ಒಳಗಿನಿಂದ ಬಂದರು. ನನ್ನ ಕಣ್ಣು ನೋಡಲಿಲ್ಲ.

"ಹಿತ್ತಲಲ್ಲಿ ಬಟ್ಟೆ ನೆನೆಹಾಕಿದೀನಿ. ಹೋಗಿ ಒಗ್ದುಬಿಡವ್ವ."

ಹೋದೆ. ಬಕೆಟ್ಟು ಬೋರಲು ಬಿದ್ದಿತ್ತು, ಒಗೆಯುವ ಕಲ್ಲು ಒಣಗಿತ್ತು. ಬಟ್ಟೆ ಇರಲಿಲ್ಲ.