ನರಸಣ್ಣನ ಕಿವಿ

ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಅಕ್ಕಿ ಗಿರಣಿಗಳ ಸಾಲು ಮುಗಿದು ಟೈರಿನ ಅಂಗಡಿಗಳು ಶುರುವಾಗುವ ಕಡೆ ನರಸಣ್ಣನ ತಗಡಿನ ಗ್ಯಾರೇಜು. ಹಳೆಯ ಕಾರು ಸಾಕಿಕೊಂಡವರು ಲಿಂಗಸುಗೂರು, ಮಸ್ಕಿಗಳಿಂದಲೂ ಇಲ್ಲಿಗೇ ಬರುತ್ತಿದ್ದರು. ಇಂಜಿನ್ ಕೆಮ್ಮಿತೋ, ನಿಂತಲ್ಲೇ ನಡುಗಿತೋ, "ನರಸಣ್ಣನ ಕಿವಿಗೆ ಹಾಕ್ರಿ" ಎನ್ನುವುದು ವಾಡಿಕೆ. ಅವನು ರಬ್ಬರ್ ನಳಿಗೆಯನ್ನು ಕಿವಿಗೆ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದನೆಂದರೆ ಸುತ್ತ ನಿಂತವರು ಕೆಮ್ಮು ಬಂದರೂ ತಡೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ತಲೆ ತುಂಬ ಸೆರಗು ಹೊದ್ದು, ಬ್ಯಾಟರಿ ದೀಪ ಹಿಡಿದು ನಿಂತ ಹೆಂಡತಿ ಯಂಕಮ್ಮನನ್ನು ಯಾರೂ ನೋಡುತ್ತಿರಲಿಲ್ಲ. ನೋಡಬೇಕಾಗಿದ್ದುದು ಅವಳನ್ನೇ.

ಯಾಕೆಂದರೆ ನರಸಣ್ಣ ಕಿವುಡ. ಹರೆಯದ ಹನ್ನೆರಡು ವರ್ಷ ಗಿರಣಿಯಲ್ಲಿ ಭತ್ತದ ಯಂತ್ರದ ಮಗ್ಗುಲಲ್ಲೇ ನಿಂತು ದುಡಿದವನ ಕಿವಿ ಇನ್ನೇನಾದೀತು? ಎದುರಿನವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತುಕೊಂಡ, ಗುಟ್ಟನ್ನು ಮಾತ್ರ ಯಾರಿಗೂ ಬಿಡಲಿಲ್ಲ. ಕಿವುಡ ಮಿಸ್ತ್ರಿಗೆ ಕಾರು ಕೊಡುವವರು ಯಾರು? ಅದರಲ್ಲೂ ಅವನು ಕೇರಿಯವನು. ಧಣಿಗಳ ಅಂಗಳದಲ್ಲಿ ನಿಂತೇ ಮಾತಾಡಿದ ಮನೆತನದವನಿಗೆ ಈಗ ಅದೇ ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದರು. ಆ ಕುರ್ಚಿಯ ಬೆಲೆ ಯಂಕಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೇ ಇಪ್ಪತ್ತೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದಳು.

ಬುತ್ತಿ ತಂದುಕೊಡಲು ಬಂದವಳು ಮೊದಲು, ಇಂಜಿನ್ನಿಗೆ ಪೆಟ್ರೋಲು ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ತೊಳೆಯಲು ಕುಳಿತಳು. ಬಿಚ್ಚಿದ ಭಾಗಗಳನ್ನು ಪೆಟ್ರೋಲಿನಲ್ಲಿ ನೆನೆಹಾಕಿ, ತಳದ ಬಟ್ಟಲಿನ ಕೆಸರು ಒರೆಸಿ, ಹಿತ್ತಾಳೆಯ ಪುಟ್ಟ ತೂತುಗಳನ್ನು ಪೊರಕೆ ಕಡ್ಡಿಯಿಂದ ಬಿಡಿಸುವಳು. ತಂತಿ ಹಾಕಿದರೆ ತೂತು ಹಿಗ್ಗಿ ಇಂಜಿನ್ ಪೆಟ್ರೋಲ್ ಕುಡಿಯಲು ಶುರುಮಾಡುತ್ತದೆಂದು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಒಂದು ಹಾಳುಮಾಡಿ ಕಲಿತದ್ದು. ಈಚಿನ ಪೆಟ್ರೋಲಂತೂ ನಾಲ್ಕು ತಿಂಗಳು ನಿಂತರೆ ಅಂಟಾಗಿ ಕೂರುತ್ತದೆ. ತೊಳೆದದ್ದನ್ನು ಬಿಸಿಲಿಗೆ ಹಿಡಿದು, ತೂತಿನಾಚೆ ಸೂಜಿಮೊನೆಯಷ್ಟು ಬೆಳಕು ಕಂಡರೆ ಮಾತ್ರ ಅವಳು ಕೆಳಗಿಡುತ್ತಿದ್ದುದು.

ಒಂದೇ ಕಾರ್ಬುರೇಟರ್ ಇದ್ದರೆ ಇಷ್ಟರಲ್ಲಿ ಕೆಲಸ ಮುಗಿಯುತ್ತದೆ. ಎರಡಿದ್ದರೆ ಆಟ ಬೇರೆ. ಎರಡೂ ಸಮ ಗಾಳಿ ಎಳೆಯಬೇಕು, ಇಲ್ಲವಾದರೆ ಎತ್ತೊಂದು ಮುಂದೆ, ಇನ್ನೊಂದು ಹಿಂದೆ ಎಳೆದಂತೆ ಇಂಜಿನ್ ಕುಲುಕುತ್ತದೆ. ಎರಡನ್ನೂ ಜೋಡಿಸಿದ ಸರಳನ್ನು ಸಡಿಲಿಸಿ, ನಳಿಗೆಯನ್ನು ಒಂದೊಂದರ ಬಾಯಿಗೂ ಹಿಡಿದು, 'ಸುಸ್' ಎನ್ನುವ ಸದ್ದು ಎರಡರಲ್ಲೂ ಒಂದೇ ಆಗುವವರೆಗೆ ತಿರುಪು ತಿರುಗಿಸಬೇಕು. ಇದಕ್ಕೆ ಕಿವಿ ಬೇಕು. ಬೆಳೆಗೆ ಹುಳದ ಎಣ್ಣೆ ಹೊಡೆಯುವ ಪಂಪಿನ ಕವಲು ಕೊಳವೆ ತಂದು ಯಂಕಮ್ಮ ನಳಿಗೆಗೆ ಎರಡು ತುದಿ ಮಾಡಿದಳು. ಒಂದು ಎಲ್ಲರಿಗೂ ಕಾಣುವಂತೆ ಗಂಡನ ಕಿವಿಯಲ್ಲಿ, ಇನ್ನೊಂದು ತನ್ನ ಸೆರಗಿನೊಳಗೆ. ಧಣಿಗಳ ಎದುರು ಹೆಂಗಸು ತಲೆ ತುಂಬ ಸೆರಗು ಹೊದೆಯಬೇಕೆಂಬ ರಿವಾಜು ಈ ಒಂದು ವಿಷಯದಲ್ಲಿ ಅವಳಿಗೆ ಅನುಕೂಲವಾಯಿತು. ಗಂಡನ ಪಾದವನ್ನು ಒಮ್ಮೆ ತುಳಿದರೆ ಬಿಗಿ, ಎರಡು ಸಲ ತುಳಿದರೆ ಸಡಿಲು. ಹೆಸರು ಮಾತ್ರ ಅವನದು.

ಕಳೆದ ವರ್ಷ ದಢೇಸುಗೂರಿನ ಆದೆಪ್ಪ ಧಣಿಯ ಮಗ ಸಂಗನಬಸವ ಮಸ್ಕಿಯಲ್ಲಿ ದೊಡ್ಡ ಶೆಡ್ ಹಾಕಿದ. ಮದುವೆ ಮೆರವಣಿಗೆಗೆ, ಮದುವೆಗೆ ಮುಂಚಿನ ಫೋಟೋಗಳಿಗೆ ಹಳೆಯ ಕಾರುಗಳನ್ನು ಬಾಡಿಗೆಗೆ ಬಿಡುವ ದಂಧೆ. ನರಸಣ್ಣನಿಗೆ ತಿಂಗಳ ಪಗಾರದ ಕೆಲಸ ಕೊಡುತ್ತೇನೆಂದು ಹೇಳಿ ಕಳಿಸಿದ. ಯಂಕಮ್ಮನಿಗೆ ಆಸೆ ಹುಟ್ಟಿದ್ದು ಆಗಲೇ. ಪಗಾರದ ಕಾಗದದಲ್ಲಿ ತನ್ನ ಹೆಸರೂ ಇರಬೇಕು, ಮಿಸ್ತ್ರಿ ಎಂದೇ ಇರಬೇಕು. ಗಂಡನ ಎದುರು ಕುಳಿತು, ತುಟಿ ಬಿಡಿಸಿ ಬಿಡಿಸಿ ಕೇಳಿದಳು.

"ಈ ಸಲರ ಹೇಳ್ತೀ ಏನು, ಕೇಳಾಕಿ ನಾನಂತ?"

"ಹೇಳ್ತೀನಿ ಯಂಕಿ. ನಿನ್ನಾಣಿ. ಇಬ್ಬರದೂ ಹೆಸರು ಬರೀರಿ ಅಂತೀನಿ."

ಕೆಲಸ ಕೊಡುವ ಮುಂಚಿನ ಪರೀಕ್ಷೆ ನಡೆದದ್ದು ಆದೆಪ್ಪನ ಅಂಗಳದಲ್ಲಿ. ಕಾಲುವೆ ಕೆಲಸಕ್ಕೆ ಬಂದ ಇಂಜಿನಿಯರೊಬ್ಬ ಹಿಂದೆ ಬಿಟ್ಟುಹೋದ ವಿಲಾಯತಿ ಕಾರು, ಜೋಡಿ ಕಾರ್ಬುರೇಟರಿನದು. ಬೆಳಿಗ್ಗೆ ಬಿಚ್ಚಿ ತೊಳೆದು ಕೂರಿಸಿ, ಮಧ್ಯಾಹ್ನ ನಳಿಗೆ ಹಚ್ಚಿದರು. ಯಂಕಮ್ಮ ಅವತ್ತು ಕೇಳಿದಷ್ಟು ಚೊಕ್ಕಾಗಿ ಎಂದೂ ಕೇಳಿರಲಿಲ್ಲ. ಕೊನೆಗೆ ಸಂಗನಬಸವ ಬಾನೆಟ್ಟಿನ ಮೇಲೆ ನೀರಿನ ಲೋಟ ಇಟ್ಟ, ನೀರು ಅಲುಗಲಿಲ್ಲ.

"ಭಲೇ ನರಸಣ್ಣ! ಏನು ಕಿವಿಲೇ ನಿಂದು!" ಎಂದ ಆದೆಪ್ಪ.

ಯಂಕಮ್ಮ ಗಂಡನ ಮುಖ ನೋಡಿದಳು. ನರಸಣ್ಣ ಕೈ ಒರೆಸಿಕೊಳ್ಳುತ್ತ ನಕ್ಕ. "ಎಲ್ಲಾ ನಿಮ್ಮ ಆಶೀರ್ವಾದ್ರೀ ಧಣಿ" ಎಂದ.

ಸಂಗನಬಸವ ಉದಾರಿ. "ನಿನ್ನ ಮನಿಯಾಕಿನೂ ಬರ್ಲಿ. ಕಸ ಹೊಡಿಯಾಕ, ಚಾ ಕಾಸಾಕ ಒಬ್ರು ಬೇಕಾಗ್ಯಾರ" ಎಂದ. ನರಸಣ್ಣ ಅದಕ್ಕೂ ಹೂಂ ಅಂದ.

ಯಂಕಮ್ಮ ಮನೆಗೆ ಬಂದು ಇಷ್ಟೇ ಅಂದಳು: "ಕಸ ಹೊಡಿಯಾಕ ನಾ ಬರಂಗಿಲ್ಲ. ನಿನ್ನ ಕಿವಿ ತಗೊಂಡು ನೀನ ಹೋಗು."

ಅವನು ಹೋದ. ಬೇಡಿಕೊಂಡಾನು, ವಾರದಲ್ಲಿ ಸೋತು ಬಂದು ನಿಜ ಒಪ್ಪಿಕೊಂಡಾನು ಎಂದುಕೊಂಡಿದ್ದಳು. ಗಂಡಸಿನ ಜಂಬದ ಆಳ ಅವಳಿಗೆ ಇನ್ನೂ ತಿಳಿದಿರಲಿಲ್ಲ. ಇಂಜಿನ್ನಿನ ಮೇಲೆ ಅಂಗೈ ಇಟ್ಟು, ನಡುಕ ನೋಡಿ ನೋಡಿ, ಎರಡೂವರೆ ತಿಂಗಳು ಹೇಗೋ ತಳ್ಳಿದ. ಆಮೇಲೆ ಒಂದು ಮದುವೆಯಲ್ಲಿ, ಮದುಮಗನನ್ನು ಕೂರಿಸಿಕೊಂಡ ಆ ವಿಲಾಯತಿ ಕಾರು ಮಸ್ಕಿಯ ಬಸ್‌ಸ್ಟ್ಯಾಂಡಿನ ಎದುರೇ ಕುಲುಕಿ, ಹೊಗೆ ಉಗುಳಿ ನಿಂತಿತು. ಮದುಮಗ ಇಳಿದು ಆಟೋ ಹತ್ತುವುದನ್ನು ನೂರು ಜನ ಮೊಬೈಲಿನಲ್ಲಿ ಹಿಡಿದರು.

ಸುದ್ದಿ ಕೇಳಿ ಯಂಕಮ್ಮನ ಸಿಟ್ಟು ಕರಗಿತು. ಎಷ್ಟಾದರೂ ಅವನು ಅವಳ ಗಂಡ. ನಳಿಗೆ ಚೀಲಕ್ಕೆ ಹಾಕಿಕೊಂಡು ಮರುದಿನ ಬೆಳಿಗ್ಗೆ ಮಸ್ಕಿಯ ಬಸ್ಸು ಹತ್ತಿದಳು. ಶೆಡ್ಡಿನಲ್ಲಿ ಅಪ್ಪ ಮಗ ಇಬ್ಬರೂ ಇದ್ದರು. ನರಸಣ್ಣ ಗೋಡೆಗೆ ಆತು ನಿಂತಿದ್ದ. ಅವತ್ತು ಮೊದಲ ಸಲ ಅವಳು ಧಣಿಗಳ ಎದುರು ಸೆರಗು ಹಿಂದಕ್ಕೆ ಸರಿಸಿದಳು.

"ಧಣಿ, ಆತಗ ಕಿವಿ ಕೇಳಂಗಿಲ್ಲ. ಮದಲಿಂದ್ಲೂ ಕೇಳಿಲ್ಲ. ಕೇಳಾಕಿ ನಾನು. ಕಾರು ಚಾಲೂ ಮಾಡ್ರಿ, ಈಗ ತೋರಸ್ತೀನಿ."

ಸಂಗನಬಸವ ನಕ್ಕುಬಿಟ್ಟ. "ಗಂಡನ ನೌಕರಿ ಉಳಿಸಾಕ ಏನ್ ಕತಿ ಕಟ್ಟಾಕತ್ತೀಬೇ!"

ಆದೆಪ್ಪ ನಗಲಿಲ್ಲ. ನರಸಣ್ಣನ ಕಡೆ ತಿರುಗಿ, ನಿಧಾನಕ್ಕೆ ಕೇಳಿದ. "ಹೌದೇನಲೇ, ನರಸಣ್ಣ? ಇಷ್ಟು ದಿನ ಕೇಳಿದಾಕಿ ಈಕೀನ?"

ಧಣಿಯ ತುಟಿ ಅವನ ಎದುರಿಗೇ ಇತ್ತು. ಒಂದೊಂದು ಅಕ್ಷರವೂ ಅವನಿಗೆ ತಿಳಿದಿತ್ತೆಂದು ಯಂಕಮ್ಮ ಯಾರ ಮುಂದೆ ಬೇಕಾದರೂ ಆಣೆ ಮಾಡಿಯಾಳು. ನರಸಣ್ಣ ಕಿವಿಗೆ ಕೈ ಅಡ್ಡ ಹಿಡಿದ.

"ಏನಂದ್ರೀ ಧಣಿ? ಕೇಳಿಸವಲ್ದು. ಈ ಎರಡು ತಿಂಗಳಾತು, ಎರಡೂ ಕಿವಿ ಹೋಗ್ಯಾವ ನೋಡ್ರಿ."

ಎರಡು ತಿಂಗಳು! ಇಪ್ಪತ್ತೆರಡು ವರ್ಷ ಅಡಗಿಸಿಟ್ಟ ಕಿವುಡನ್ನು ಕೊನೆಗೂ ಒಪ್ಪಿಕೊಂಡ, ಅದರ ತಾರೀಖು ಮಾತ್ರ ಬದಲಿಸಿದ. ಅವಳ ಕಿವಿಯನ್ನು ತನ್ನದಾಗಿ ಇಟ್ಟುಕೊಂಡೇ ಕಳೆದುಕೊಂಡ. ಕಾರು ಚಾಲೂ ಮಾಡುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಸಂಗನಬಸವ ಹುಬ್ಬಳ್ಳಿಯಿಂದ ಬೇರೆ ಮಿಸ್ತ್ರಿಯನ್ನು ಕರೆಸಿಕೊಂಡ.

ಈಗ ಗ್ಯಾರೇಜಿಗೆ ಕಾರು ಬರುವುದಿಲ್ಲ, ಜನ ಬರುತ್ತಾರೆ. ಲಿಂಗಸುಗೂರಿನ ಹಳೆಯ ಗಿರಾಕಿಗಳು, ಗಿರಣಿಯವರು, ಬಳಗಾನೂರಿನ ಬೀಗರು ಕೂತು ಲೊಚಗುಟ್ಟುತ್ತಾರೆ. ನರಸಣ್ಣ ಅವರ ತುಟಿ ನೋಡುತ್ತ ತಲೆಯಾಡಿಸುತ್ತಾನೆ. ನಡುವೆ ಯಂಕಮ್ಮ ಇಬ್ಬರು ಗಿರಾಕಿಗಳಿಗೆ ನಾನೇ ಮಾಡಿಕೊಡುತ್ತೇನೆ, ಕಾರು ತನ್ನಿ ಎಂದು ಹೇಳಿ ನೋಡಿದಳು. ಪಾಪ, ದುಃಖಕ್ಕೆ ತಲೆ ನೆಟ್ಟಗಿಲ್ಲ ಎಂಬಂತೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೊನ್ನೆ ಆದೆಪ್ಪ ಧಣಿಯೇ ಬಂದಿದ್ದ. ಕಿತ್ತಳೆ ಹಣ್ಣು ತಂದಿದ್ದ. ನರಸಣ್ಣನಂಥ ಕಿವಿ ಇನ್ನು ಈ ಸೀಮೆಯಲ್ಲಿ ಹುಟ್ಟುವುದಿಲ್ಲ ಎಂದು ಮರುಗಿದ. ನರಸಣ್ಣ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಯಂಕಮ್ಮ ಚಹಾದ ಕಪ್ಪು ತಂದಿಟ್ಟು ಪಕ್ಕಕ್ಕೆ ನಿಂತಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಆದೆಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಎಂಥಾ ಕಲ್ಲೆದಿಯಾಕಿಬೇ ನೀ! ಗಂಡ ಇಷ್ಟು ಕಳಕೊಂಡಾನ, ನಿನಗ ಒಂದು ಹನಿ ಕಣ್ಣೀರು ಬರಲಿಲ್ಲೇನು?"